ಎಣ್ಣೆಯ ಕುಡಿಕೆಯೂ ನೆರೆಯವರ ಪಾತ್ರೆಗಳೂ

ಓದತಕ್ಕ ವೇದಭಾಗ: ೨ ಅರಸುಗಳು ೪ : ೧–೭



ಈ ಏಳು ವಚನಗಳಲ್ಲಿ ಒಬ್ಬ ವಿಧವೆಯ ಸಂಗತಿಯು ಬರೆದದೆ. ಆಕೆಯ ಹೆಸರನ್ನು ಸತ್ಯವೇದವು ತಿಳಿಸುವದಿಲ್ಲ. ಆಕೆಯ ಗಂಡನು ಎಂಥವನೆಂಬದನ್ನು ಮಾತ್ರ ತಿಳಿಸುತ್ತದೆ. ಅವನು ಪ್ರವಾದಿಗಳ ಮಂಡಲಿಗೆ ಸೇರಿದವನು, ದೇವರಿಗೆ ಭಯಪಟ್ಟು ನಡೆದವನು. ನಮ್ಮ ಸಭೆಗಳ ಮಾತಿನಲ್ಲಿ ಹೇಳುವದಾದರೆ ಆಕೆ ಒಬ್ಬ ಉಪದೇಶಿಯ ಹೆಂಡತಿ. ಅಂಥ ಮನುಷ್ಯನು ಸತ್ತಾಗ ಮನೆಯಲ್ಲಿ ಉಳಿದದ್ದೇನು? ಸಾಲ. ಭಕ್ತಿಯುಳ್ಳವನ ಮನೆಗೆ ಸಾಲವು ಬರುವದಿಲ್ಲವೆಂದು ಯಾರಾದರೂ ನಿಮಗೆ ಬೋಧಿಸಿದ್ದರೆ ಈ ಅಧ್ಯಾಯವನ್ನು ಅವರ ಮುಂದೆ ತೆರೆದಿಡಿರಿ. ಸಾಲ ಕೊಟ್ಟವನು ಈಗ ಬಾಗಲಿಗೆ ಬಂದಿದ್ದಾನೆ. ಹಣವಿಲ್ಲದಿದ್ದರೆ ಎರಡು ಗಂಡುಮಕ್ಕಳನ್ನು ದಾಸರನ್ನಾಗಿ ಒಯ್ಯುವೆನೆನ್ನುತ್ತಾನೆ.

ನಮ್ಮ ಹಿರಿಯರಿಗೆ ಇದು ಯೂದ್ಯರ ದೇಶದ ಹಳೆಯ ಕಥೆಯಾಗಿ ತೋರಲಿಲ್ಲ. ಅಪ್ಪನ ಸಾಲಕ್ಕೆ ಮಗನು ಗೌಡನ ಮನೆಯಲ್ಲಿ ಜೀತಕ್ಕೆ ನಿಲ್ಲುವದನ್ನು ಅವರು ಕಣ್ಣಾರೆ ಕಂಡಿದ್ದರು. ೧೯೭೬ರ ಕಾನೂನು ಜೀತವನ್ನು ತೊಡೆದುಹಾಕಿತು. ಸಾಲವನ್ನು ಯಾವ ಕಾನೂನೂ ತೊಡೆದುಹಾಕಲಿಲ್ಲ. ೨೦೨೫ರ ಜನವರಿಯಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯ ಕೆಲವು ಗ್ರಾಮಗಳಲ್ಲಿ, ಸಣ್ಣ ಸಾಲದ ಕಂಪೆನಿಗಳ ವಸೂಲಿಯವರ ಕಾಟವನ್ನು ತಾಳಲಾರದೆ ಬಡವರು ಮನೆಗೆ ಬೀಗ ಹಾಕಿ ಊರು ಬಿಟ್ಟರೆಂಬದನ್ನು ಪತ್ರಿಕೆಗಳಲ್ಲಿ ಓದಿದೆವು. ಮರುತಿಂಗಳಲ್ಲೇ ರಾಜ್ಯ ಸರಕಾರವು ಅಂಥ ಬಲಾತ್ಕಾರವನ್ನು ತಡೆಯುವದಕ್ಕೆ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಆದಕಾರಣ ಆ ವಿಧವೆಯ ಕೂಗು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಯಾವ ಕೇರಿಯಲ್ಲಿಯೂ ಪರದೇಶದ ಕೂಗಲ್ಲ.

ಈಗ ಪ್ರವಾದಿಯಾದ ಎಲೀಷನು ಮಾಡಿದ್ದನ್ನು ನೋಡಿರಿ. ಅವನು ತನ್ನ ಚೀಲದಿಂದ ಹಣವನ್ನು ತೆಗೆದುಕೊಡಲಿಲ್ಲ. ಸಾಲ ಕೊಟ್ಟವನ ಬಳಿಗೆ ಹೋಗಿ ಬೇಡಲೂ ಇಲ್ಲ. ಮನೆಯಲ್ಲಿ ಏನುಂಟೆಂದು ಆಕೆಯನ್ನೇ ಕೇಳಿದನು. ಆಕೆ ಮೊದಲು ಹೇಳಿದ್ದು ಏನೂ ಇಲ್ಲವೆಂದೇ. ಆಮೇಲೆ, ಒಂದು ಕುಡಿಕೆ ಎಣ್ಣೆಯುಂಟೆಂದು ನೆನಪಿಗೆ ಬಂದಂತೆ ಹೇಳಿದಳು. ಬಡತನವು ಮನುಷ್ಯನ ಕೈಯಲ್ಲಿರುವದನ್ನು ಅವನ ಕಣ್ಣಿಗೇ ಮರೆಮಾಡುತ್ತದೆ. ಹೆಂಗಸರ ಸಂಘಗಳಿಗೆ ಕಸುಬಿನ ತರಬೇತಿ ಕೊಡುವವರು ನಮ್ಮ ಹಳ್ಳಿಗಳಿಗೆ ಬಂದು ಇದನ್ನೇ ಕೇಳುತ್ತಾರೆ. ನಮ್ಮವರು ಕೊಡುವ ಉತ್ತರವೂ ಅದೇ. “ನಮಗೇನು ಬರುತ್ತದೆ ಅಯ್ಯನವರೇ, ಕೂಲಿ ಮಾಡುವದು ಬಿಟ್ಟರೆ?”

ಸಹೋದರಿಯೇ, ನಿನಗೆ ಬರುವದನ್ನು ನಾನು ಹೇಳುತ್ತೇನೆ, ಕೇಳು. ಮೊಟ್ಟೆಯಿಂದ ಹೊರಟ ರೇಷ್ಮೆ ಹುಳವು ನಾಲ್ಕು ಜ್ವರಗಳನ್ನು ದಾಟಿ, ಸುಮಾರು ಇಪ್ಪತ್ತೈದು ದಿನಗಳಲ್ಲಿ ಹಣ್ಣಾಗುವ ವರೆಗೆ ಅದನ್ನು ಸಾಕುವವಳು ನೀನು. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದೆಂದೂ, ಒದ್ದೆ ಸೊಪ್ಪು ರೋಗವನ್ನು ತರುತ್ತದೆಂದೂ ನಿನಗೆ ಗೊತ್ತು. ಹುಳದ ಮೈ ಬೆಳಕಿಗೆ ಹಿಡಿದ ಹಾಗೆ ತಿಳಿಯಾದರೆ ಚಂದ್ರಿಕೆಗೆ ಬಿಡುವ ಹೊತ್ತಾಯಿತೆಂದು ನೋಡಿದ ಕೂಡಲೇ ಹೇಳುವವಳು ನೀನು. ನಡುರಾತ್ರಿ ಎದ್ದು ಸೊಪ್ಪು ಹಾಕಿದವಳೂ ನೀನೇ. ಗೂಡುಗಳನ್ನು ಮಾರುಕಟ್ಟೆಗೆ ಹೊತ್ತುಕೊಂಡು ಹೋಗಿ ಹರಾಜಿನಲ್ಲಿ ನಿಂತು ಹಣವನ್ನು ಎಣಿಸಿಕೊಂಡವನು ಮಾತ್ರ ನಿನ್ನ ಗಂಡ. ಕೊಳ್ಳೇಗಾಲದ ರೇಷ್ಮೆಯು ದೂರದ ಊರುಗಳಲ್ಲಿಯೂ ಹೆಸರಾಗಿದೆ. ಆ ಹೆಸರಿನ ಹಿಂದೆ ಇರುವ ಕೈಗಳು ಬಹುಮಟ್ಟಿಗೆ ಹೆಂಗಸರ ಕೈಗಳು. ಆದರೆ ಕಿಲೋ ಒಂದಕ್ಕೆ ಎಷ್ಟು ಬಂತೆಂದು ಕೇಳಿದರೆ ಅವರಲ್ಲಿ ಅನೇಕರಿಗೆ ತಿಳಿಯದು.

ಚಿಟ್ಟೆಯು ತೂತು ಮಾಡಿ ಹೊರಬಂದ ಗೂಡು ನೂಲು ಬಿಚ್ಚುವದಕ್ಕೆ ಬಾರದು, ಎಳೆಯು ಅಲ್ಲಲ್ಲಿ ಕಡಿದಿರುತ್ತದೆ. ಅದು ಕಸವೆಂದು ತಿಳಿದಿದ್ದೆವು. ಅಂಥ ಗೂಡುಗಳನ್ನೇ ಕತ್ತರಿಸಿ ಬಣ್ಣ ಹಾಕಿ ಹಾರಗಳನ್ನೂ ಹೂವುಗಳನ್ನೂ ಮಾಡುವದನ್ನು ಈಗ ಹೆಂಗಸರಿಗೆ ಕಲಿಸುತ್ತಾರೆ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಸಂಗತಿಯೂ ಇಂಥದೇ. ಅಮೇರಿಕ ಖಂಡದಿಂದ ತೋಟದ ಅಲಂಕಾರಕ್ಕೆಂದು ತಂದ ಲಂಟಾನ ಗಿಡವು ಅವರ ಕಾಡನ್ನೆಲ್ಲಾ ಮುಚ್ಚಿಬಿಟ್ಟಿತು. ಬುಟ್ಟಿ ಹೆಣೆಯುವದಕ್ಕೆ ಬಿದಿರು ಸಿಗುವದು ಕಷ್ಟವಾಯಿತು. ಈ ಶತಮಾನದ ಮೊದಲ ವರುಷಗಳಲ್ಲಿ ಬೆಂಗಳೂರಿನ ಏಟ್ರೀ ಎಂಬ ಸಂಸ್ಥೆಯವರು ಆ ಲಂಟಾನದ ಕಡ್ಡಿಯನ್ನೇ ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ, ಕುರ್ಚಿಗಳನ್ನೂ ಬುಟ್ಟಿಗಳನ್ನೂ ಮಾಡುವ ವಿದ್ಯೆಯನ್ನು ಅವರಿಗೆ ಕಲಿಸಿದರು. ಹೆಣೆಯುವ ಬೆರಳು ಸೋಲಿಗರದೇ ಆಗಿತ್ತು, ಶಾಪವೆಂದು ತೋರಿದ ಗಿಡವು ಅವರ ಬಾಗಲಲ್ಲಿಯೇ ಬೆಳೆದಿತ್ತು.

ಎರಡನೆಯದಾಗಿ ಪ್ರವಾದಿಯು ಆಕೆಯನ್ನು ಎಲ್ಲಿಗೆ ಕಳುಹಿಸಿದನು? ನೆರೆಯವರ ಮನೆಗಳಿಗೆ, ಬರಿದಾದ ಪಾತ್ರೆಗಳನ್ನು ಕೇಳಿ ತರುವದಕ್ಕೆ, ಅದೂ ಸ್ವಲ್ಪವಲ್ಲ. ಒಂದು ಕುಡಿಕೆಯುಳ್ಳವಳು ಒಬ್ಬಳೇ ಕೂತಿದ್ದರೆ ಆಕೆಯ ಎಣ್ಣೆ ಒಂದು ಕುಡಿಕೆಯಾಗಿಯೇ ಉಳಿಯುತ್ತಿತ್ತು. ಸ್ವಸಹಾಯ ಸಂಘವೆಂಬದು ಹೀಗೆ ಕೂಡಿಸಿದ ಪಾತ್ರೆಗಳೇ. ಹದಿನೈದು ಮಂದಿ ವಾರಕ್ಕೆ ೫೦ ರೂಪಾಯಿಯಂತೆ ಇಟ್ಟರೆ ವಾರಕ್ಕೆ ೭೫೦, ವರುಷಕ್ಕೆ ೩೯,೦೦೦ ರೂಪಾಯಿ ಕೂಡುತ್ತದೆ. ಇದು ಯಾವ ಸಾಹುಕಾರನ ಹಣವೂ ಅಲ್ಲ, ಯಾವ ಕಂಪೆನಿಯದೂ ಅಲ್ಲ.

ಈ ಕ್ರಮವು ನಮ್ಮ ನಾಡಿನಲ್ಲಿಯೇ ಮೊಳೆತದ್ದೆಂಬದು ನಿಮಗೆ ತಿಳಿದಿರಲಿ. ೧೯೬೮ರಲ್ಲಿ ಮೈಸೂರು ಸೀಮೆಯಲ್ಲಿ ಮೈರಾಡ ಎಂಬ ಸಂಸ್ಥೆಯು ಟಿಬೆಟಿನಿಂದ ಓಡಿಬಂದವರಿಗೆ ನೆಲೆ ಕೊಡಿಸುವದಕ್ಕಾಗಿ ಹುಟ್ಟಿತು. ಕೊಳ್ಳೇಗಾಲದ ಆಚೆಯ ಒಡೆಯರಪಾಳ್ಯದ ಟಿಬೆಟಿಯರನ್ನು ನೀವು ನೋಡಿದ್ದೀರಿ. ಆಮೇಲೆ ಆ ಸಂಸ್ಥೆಯವರು ನಮ್ಮ ಸೀಮೆಯ ಹಳ್ಳಿಗಳಲ್ಲಿಯೂ ಬಹುಕಾಲ ಕೆಲಸ ಮಾಡಿದರು. ೧೯೮೪–೮೫ರ ಸುಮಾರಿಗೆ, ಅವರು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಮುರಿದುಬೀಳುತ್ತಿರುವಾಗ, ಒಬ್ಬರನ್ನೊಬ್ಬರು ನಂಬತಕ್ಕ ಕೆಲಕೆಲವರು ತಾವಾಗಿಯೇ ಚಿಕ್ಕ ಗುಂಪುಗಳಾಗಿ ಕೂಡಿದರು. ಆ ಗುಂಪುಗಳೇ ಸ್ವಸಹಾಯ ಸಂಘಗಳಾದವು. ೧೯೯೨ರಲ್ಲಿ ನಬಾರ್ಡ್ ಬ್ಯಾಂಕು ೫೦೦ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಆರಂಭಿಸಿತು. ೨೦೦೦ದಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆಯು ಬಂತು. ಬೀಗವುಳ್ಳ ಪೆಟ್ಟಿಗೆಯ ಸುತ್ತಲೂ ಕೂತ ಹೆಂಗಸರ ಪರಸ್ಪರ ನಂಬಿಕೆಯು ಇವೆಲ್ಲಕ್ಕಿಂತ ಮುಂಚಿನದು.

ಇಲ್ಲಿ ನಮ್ಮ ಸಭೆಯವರಿಗೆ ಒಂದು ಮಾತನ್ನು ಖಂಡಿತವಾಗಿ ಹೇಳಬೇಕಾಗಿದೆ. ನಮ್ಮವರು ನಮ್ಮವರಷ್ಟೇ ಸಂಘ ಕಟ್ಟಿಕೊಳ್ಳೋಣ, ಬೇರೆ ಕೇರಿಯವರು ಬೇಡವೆಂದು ಕೆಲವರು ಹೇಳುತ್ತಾರೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ನಮ್ಮ ತಾಯಂದಿರು ಬೇರೆ ಕೇರಿಯ ಜಗಲಿಯ ಮೇಲೆ ಕೂರದೆ ಅಂಗಳದಲ್ಲಿ ನಿಂತ ನೋವು ಇನ್ನೂ ಹಸಿಯಾಗಿದೆ. ಆದರೂ ಆ ವಿಧವೆಯು ಪ್ರವಾದಿಗಳ ಮಂಡಲಿಯ ಮನೆಗಳಿಗೆ ಮಾತ್ರ ಹೋಗಲಿಲ್ಲ. ಎಲ್ಲಾ ನೆರೆಯವರ ಬಳಿಗೆ ಹೋದಳು. ಚಾಪೆಯ ಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರುವ ಸಂಘವು ಸಿಕ್ಕಿದರೆ, ನನ್ನ ಸಹೋದರಿಯು ಅದರಲ್ಲಿ ಸೇರಲಿ. ಅಂಗಳದಲ್ಲಿ ನಿಲ್ಲಿಸುವ ಸಂಘವಾದರೆ ಬೇಡ.

ಇನ್ನೊಂದು ಕಾರಣಕ್ಕಾಗಿಯೂ ಇದನ್ನು ಹೇಳುತ್ತೇನೆ. ಹಿಂದೆ ಕರಾವಳಿಯಲ್ಲಿ ಕ್ರೈಸ್ತರಾದವರು ಕುಲದ ಕಸುಬನ್ನೂ ಭೂಮಿಯನ್ನೂ ಕಳಕೊಂಡಾಗ ಬಾಸೆಲ್ ಮಿಶನಿನವರು ಅವರಿಗೋಸ್ಕರ ನೆಯ್ಗೆಯ ಕಾರ್ಖಾನೆಗಳನ್ನೂ, ೧೮೬೫ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದರು. ಸಾವಿರಾರು ಮನೆಗಳ ಒಲೆಗಳು ಅದರಿಂದ ಉರಿದವು. ಆ ಉಪಕಾರವನ್ನು ಮರೆಯತಕ್ಕದ್ದಲ್ಲ. ಆದರೆ ಮಗ್ಗವು ಮಿಶನಿನದು, ಲೆಕ್ಕದ ಪುಸ್ತಕವು ಮಿಶನಿನದು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಸೆರೆಯಲ್ಲಿಟ್ಟು, ಕಾರ್ಖಾನೆಗಳನ್ನು ಆಂಗ್ಲ ಸರಕಾರವು ವಶಪಡಿಸಿಕೊಂಡು ಬೇರೆ ಕಂಪೆನಿಗೆ ಒಪ್ಪಿಸಿದಾಗ, ಅಲ್ಲಿ ದುಡಿದವರಿಗೆ ಆ ವಿಷಯದಲ್ಲಿ ಒಂದು ಮಾತೂ ಇರಲಿಲ್ಲ. ವಿಧವೆಯ ಸಂಗತಿಯು ಹಾಗಲ್ಲ. ಎಣ್ಣೆಯು ಆಕೆಯದು, ಸುರಿದ ಕೈಯೂ ಆಕೆಯದು, ಮಾರಿದವಳೂ ಆಕೆಯೇ.

ಸಹೋದರರೇ, ಈಗ ನಿಮ್ಮ ಸರದಿ. ಬಾಗಲನ್ನು ಮುಚ್ಚಿಕೊಂಡ ಮೇಲೆ ಒಳಗೆ ಗಂಡುಮಕ್ಕಳ ಕೆಲಸವೇನಾಗಿತ್ತೆಂದು ಐದನೆಯ ವಚನದಲ್ಲಿ ನೋಡಿಕೊಳ್ಳಿರಿ. ಅವರು ಪಾತ್ರೆಗಳನ್ನು ಎತ್ತಿ ಕೊಡುತ್ತಿದ್ದರು, ಸುರಿಯುತ್ತಿದ್ದವಳು ತಾಯಿ. ಹೆಂಡತಿಯು ಹೊಲಿಗೆಯ ತರಬೇತಿಗೆ ಮೂವತ್ತು ದಿನ ಹೋಗಬೇಕಾದರೆ ಮಗುವನ್ನು ನೋಡಿಕೊಳ್ಳುವವರು ಯಾರು? ಹಸುವಿಗೆ ನೀರಿಡುವವರು ಯಾರು? ಸಂಘದಿಂದ ಆಕೆಯ ಹೆಸರಿನಲ್ಲಿ ತಂದ ಸಾಲವನ್ನು ತಾನು ಮೋಟಾರು ಸೈಕಲಿಗೆ ಕೊಟ್ಟು, ಕಂತಿನ ದಿನ ಆಕೆಯನ್ನು ಒಬ್ಬಳನ್ನೇ ಸಂಘದ ಮುಂದೆ ಕಳುಹಿಸುವವನು ಆ ಹುಡುಗರ ಕಾಲಬುಡದಲ್ಲಿ ಕೂತು ಕಲಿಯಬೇಕು.

ಮೂರನೆಯದಾಗಿ, ಪಾತ್ರೆಗಳು ತುಂಬಿದ ಕೂಡಲೇ ಆಕೆ ಪೇಟೆಗೆ ಓಡಲಿಲ್ಲ. ತಿರಿಗಿ ಬಂದು ದೇವರ ಮನುಷ್ಯನನ್ನು ವಿಚಾರಿಸಿದಳು. ಆಗ ಅವನು ಕೊಟ್ಟ ಅಪ್ಪಣೆಯಲ್ಲಿ ಒಂದು ಕ್ರಮವಿದೆ: ಮೊದಲು ಮಾರುವದು, ಆಮೇಲೆ ಸಾಲ ತೀರಿಸುವದು, ಉಳಿದದ್ದರಲ್ಲಿ ತಾಯಿಮಕ್ಕಳು ಜೀವನ ಮಾಡುವದು. ನಮ್ಮಲ್ಲಿ ಈ ಕ್ರಮವು ತಲೆಕೆಳಗಾಗುವದುಂಟು. ಒಂದೇ ಹಳ್ಳಿಯಲ್ಲಿ ಇಪ್ಪತ್ತು ಮಂದಿ ಹೊಲಿಗೆ ಕಲಿಯುತ್ತಾರೆ, ಇಪ್ಪತ್ತು ಮಂದಿಯೂ ಸಾಲ ಮಾಡಿ ಯಂತ್ರವನ್ನು ತರುತ್ತಾರೆ. ಆ ಹಳ್ಳಿಯಲ್ಲಿ ವರುಷಕ್ಕೆ ಹೊಲಿಸುವ ರವಿಕೆಗಳು ಇಬ್ಬರಿಗೂ ಸಾಲವು. ಯಂತ್ರದ ಮೇಲೆ ಬಟ್ಟೆ ಮುಚ್ಚಿ ಮೂಲೆಗಿಡುತ್ತಾರೆ, ಕಂತು ಮಾತ್ರ ವಾರವಾರವೂ ಬರುತ್ತದೆ. ಒಂದು ಕಂತನ್ನು ಕಟ್ಟಲು ಮತ್ತೊಂದು ಕಂಪೆನಿಯಲ್ಲಿ ಸಾಲ. ಮನೆಗೆ ಬೀಗ ಬೀಳುವದು ಈ ದಾರಿಯಿಂದಲೇ. ತರಬೇತಿಯ ಸರ್ಟಿಫಿಕೇಟು ಗಿರಾಕಿಯನ್ನು ತರುವದಿಲ್ಲ.

ಆದದರಿಂದ ಕಲಿಯುವದಕ್ಕೆ ಮುಂಚೆಯೇ ಕೊಳ್ಳುವವರಾರೆಂದು ವಿಚಾರಿಸಿರಿ. ಕೊಳ್ಳೇಗಾಲದ ಅಂಗಡಿಯವನನ್ನು ಕೇಳಿರಿ, ಸಂತೆಯಲ್ಲಿ ಒಂದು ದಿನ ಸುಮ್ಮನೆ ನಿಂತು ನೋಡಿರಿ, ಬೆಟ್ಟಕ್ಕೆ ಹೋಗುವ ಯಾತ್ರಿಕರು ದಾರಿಯಲ್ಲಿ ಏನನ್ನು ಕೊಳ್ಳುತ್ತಾರೆಂದು ಗಮನಿಸಿರಿ. ಥುವತೈರದ ಲುದ್ಯಳು ತನ್ನ ಬೆಲೆಯುಳ್ಳ ಬಟ್ಟೆಗಳನ್ನು ಹುಟ್ಟೂರಲ್ಲಿಯೇ ಇಟ್ಟುಕೊಂಡಿರಲಿಲ್ಲ. ಕೊಳ್ಳುವವರಿದ್ದ ಫಿಲಿಪ್ಪಿ ಪಟ್ಟಣದಲ್ಲಿ ಆಕೆಯ ವ್ಯಾಪಾರವಿತ್ತು, ಅಲ್ಲಿಯೇ ಪೌಲನ ಬೋಧನೆಯು ಆಕೆಗೆ ಸಿಕ್ಕಿತು, ಆ ವ್ಯಾಪಾರದ ಮನೆಯಲ್ಲಿಯೇ ಅಪೊಸ್ತಲನಿಗೆ ಊಟ ಸಿಕ್ಕಿತು.

ಲೆಕ್ಕವನ್ನೂ ಕಲಿಯಿರಿ. ರಾಗಿ ಹುರಿಹಿಟ್ಟು ಮಾಡಿ ಮಾರುವವಳು ರಾಗಿಯ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುತ್ತಾಳೆ. ಸೌದೆ, ಗಿರಣಿಯ ಕೂಲಿ, ಚೀಲ, ತನ್ನ ಎರಡು ದಿನದ ದುಡಿಮೆ ಇವು ಲೆಕ್ಕಕ್ಕೆ ಬರುವದಿಲ್ಲ. ೨೦೨೩ರ ಜೂನ್ ತಿಂಗಳಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸಿಗೆ ಟಿಕೇಟಿಲ್ಲವಾಯಿತು, ಸಂತೋಷ. ಮೂಟೆಗೆ ಉಂಟೋ ಎಂಬದನ್ನು ಕಂಡಕ್ಟರನನ್ನು ಕೇಳಿ ಬರೆದುಕೊಳ್ಳಲಿ. ಓದುಬಾರದವಳು ಶಾಲೆಗೆ ಹೋಗುವ ಮಗಳಿಂದ ಬರೆಯಿಸಲಿ.

ನೆರೆಯವರ ಪಾತ್ರೆಗಳು ಆಮೇಲೆ ಏನಾದವೆಂದು ವೇದಭಾಗದಲ್ಲಿ ಬರೆದಿಲ್ಲ. ಕೇಳಿ ತಂದವುಗಳಾದದರಿಂದ, ಎಣ್ಣೆಯನ್ನು ಮಾರಿದ ಮೇಲೆ ಅವುಗಳನ್ನು ತೊಳೆದು, ಇದು ಇವರದು ಅದು ಅವರದು ಎಂದು ಗುರುತಿಟ್ಟು, ಆಯಾ ಮನೆಗೆ ಮುಟ್ಟಿಸಿದಳೆಂದೇ ನಾನು ಎಣಿಸುತ್ತೇನೆ. ಮುಟ್ಟಿಸಿರದಿದ್ದರೆ ಮರುವರುಷ ಆ ಬೀದಿಯಲ್ಲಿ ಯಾರೂ ಆಕೆಗೆ ಒಂದು ಲೋಟವನ್ನೂ ಕೊಡುತ್ತಿರಲಿಲ್ಲ. ಸಂಘದ ಪುಸ್ತಕವನ್ನು ಇಟ್ಟುಕೊಂಡಿರುವ ಸಹೋದರಿಯರು ಈ ತಿಂಗಳ ಕೊನೆಯ ಕೂಟದಲ್ಲಿ ಅದನ್ನು ತೆರೆದು, ಯಾರ ಉಳಿತಾಯವೆಷ್ಟು, ಯಾರ ಸಾಲವೆಷ್ಟು ಎಂದು ಹೆಸರು ಹಿಡಿದು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಲಿ.