ಸೀಸದ ಗುಂಡಿನ ಮೆದುತನ

ಮನೆಯಲ್ಲಿ ಸೀಸ ಕರಗಿಸಿ ಬಂದೂಕಿನ ಗುಂಡನ್ನು ತಾವೇ ಎರಕ ಹೊಯ್ದುಕೊಳ್ಳುವ ಜನ ಇಂದಿಗೂ ಇದ್ದಾರೆಂದರೆ ನಮ್ಮ ನಗರಗಳ ಓದುಗರಿಗೆ ಆಶ್ಚರ್ಯವಾದೀತು. ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು 1959ರ ಶಸ್ತ್ರಾಸ್ತ್ರ ಕಾಯಿದೆ ನಿಷೇಧಿಸಿದೆ. ಅಮೆರಿಕದಲ್ಲಿ ಮಾತ್ರ ಇದು ಎಷ್ಟೋ ಮಂದಿಯ ಬಿಡುವಿನ ವೇಳೆಯ ಹವ್ಯಾಸ. ನಮ್ಮವರು ಹೂಗಿಡ ಬೆಳೆಸಿದಂತೆ, ಅಂಚೆಚೀಟಿ ಕೂಡಿಸಿದಂತೆ. ಮೋಟಾರು ಶೆಡ್ಡಿನ ಮೂಲೆಯಲ್ಲಿ ಒಂದು ಒಲೆ, ಕಬ್ಬಿಣದ ಪಾತ್ರೆ, ಸೌಟು, ಅಚ್ಚು ಇಷ್ಟಿದ್ದರೆ ಸಾಕು. ಸೀಸ 327 ಡಿಗ್ರಿ ಸೆಂಟಿಗ್ರೇಡಿಗೇ ಕರಗಿ ನೀರಾಗುತ್ತದೆ.

ಕಷ್ಟವಿರುವುದು, ಕರಗಿದ ಲೋಹ ಎಂಥದೆಂದು ತಿಳಿಯುವುದರಲ್ಲಿ. ಈ ಹವ್ಯಾಸಿಗಳು ಸೀಸವನ್ನು ಹೊಂದಿಸುವುದು ಗುಜರಿಯಿಂದ. ಹಳೆಯ ಮನೆಯ ಸೀಸದ ಕೊಳವೆ, ಮೋಟಾರು ಗಾಲಿಯ ಸಮತೋಲಕ್ಕಾಗಿ ಅಂಚಿಗೆ ಸಿಕ್ಕಿಸುವ ತುಂಡು, ಮುದ್ರಣಾಲಯದ ಅಚ್ಚುಮೊಳೆ, ಎಲ್ಲವೂ ಒಂದೇ ಪಾತ್ರೆಗೆ ಬೀಳುತ್ತವೆ. ಅಪ್ಪಟ ಸೀಸ ಉಗುರಿನಿಂದ ಗೀರಿದರೂ ಗೀರು ಬೀಳುವಷ್ಟು ಮೆದು. ಅದಕ್ಕೆ ತವರ, ಆಂಟಿಮನಿ ಬೆರೆತಷ್ಟೂ ಗಡಸು. ಲೈನೋಟೈಪ್ ಯಂತ್ರದ ಲೋಹದಲ್ಲಿ ಸೀಸ ನೂರಕ್ಕೆ 84, ಆಂಟಿಮನಿ 12, ತವರ 4ರಷ್ಟು ಇರುತ್ತಿತ್ತು. ಪತ್ರಿಕೆಗಳು ಆ ಯಂತ್ರಗಳನ್ನು ಕೈಬಿಟ್ಟ ಕಾಲದಲ್ಲಿ ಆ ಲೋಹ ಎಷ್ಟೋ ಕಡೆ ಗುಂಡು ಹೊಯ್ಯುವವರ ಪಾತ್ರೆಗೆ ಹೋಯಿತು. ನಿನ್ನೆಯವರೆಗೆ ಸುದ್ದಿಯಾಗಿದ್ದದ್ದು ಇಂದು ಗುಂಡು. ಇದರಲ್ಲಿ ಯಾರಾದರೂ ಕವಿ ಏನಾದರೂ ಕಾಣಬಹುದು; ನಾನು ಮುಂದೆ ಹೋಗುತ್ತೇನೆ.

ಲೋಹದ ಗಡಸುತನವನ್ನು ಅಳೆಯುವ ಕ್ರಮವೊಂದನ್ನು 1900ರಲ್ಲಿ ಜಗತ್ತಿಗೆ ತೋರಿಸಿಕೊಟ್ಟವನು ಸ್ವೀಡನ್ನಿನ ಇಂಜಿನಿಯರ್ ಬ್ರಿನೆಲ್. ಉಕ್ಕಿನ ಗೋಲಿಯನ್ನು ಗೊತ್ತಾದ ಭಾರದಿಂದ ಲೋಹದ ಮೇಲೆ ಒತ್ತಿ, ಬಿದ್ದ ಕುಳಿಯ ಅಗಲವನ್ನು ಅಳೆಯುವುದು. ಕುಳಿ ಹಿರಿದಾದರೆ ಲೋಹ ಮೆದು, ಕಿರಿದಾದರೆ ಗಡಸು. ಈ ಲೆಕ್ಕದಲ್ಲಿ ಅಪ್ಪಟ ಸೀಸ ಸುಮಾರು 5, ಅಚ್ಚುಮೊಳೆಯ ಲೋಹ ಸುಮಾರು 22. ಮನೆಯಲ್ಲಿ ಯಂತ್ರವೆಲ್ಲಿಯದು? ಬೇರಿಂಗಿನ ಗೋಲಿಯೊಂದನ್ನು ಅಪ್ಪಟ ಸೀಸಕ್ಕೂ ಪರೀಕ್ಷಿಸಬೇಕಾದ ಗುಂಡಿಗೂ ನಡುವೆ ಇಟ್ಟು ವೈಸಿನಲ್ಲಿ ಬಿಗಿದು, ಎರಡರಲ್ಲೂ ಬಿದ್ದ ಕುಳಿಗಳನ್ನು ಹೋಲಿಸುತ್ತಾರೆ. ಇನ್ನೂ ಸುಲಭವಾದ ಉಪಾಯ ಚಿತ್ರಗಾರರ ಪೆನ್ಸಿಲ್ಲು. ಮೆದುವಿನಿಂದ ಗಡಸಿನವರೆಗೆ ಒಂದೊಂದನ್ನೇ ಗುಂಡಿನ ಮೇಲೆ ಒತ್ತಿ ನೂಕುತ್ತಾರೆ. ಯಾವುದು ಜಾರದೆ ಲೋಹವನ್ನು ಕೆತ್ತುತ್ತದೆಯೋ ಅದರಿಂದ ಗಡಸುತನ ಗೊತ್ತಾಗುತ್ತದೆ. ಅದೂ ಹೊಯ್ದ ದಿನವೇ ನೋಡಿದರೆ ಲೆಕ್ಕ ತಪ್ಪು. ಆಂಟಿಮನಿ ಬೆರೆತ ಗುಂಡು ದಿನ ಕಳೆದಂತೆ ತಾನೇ ಗಡಸಾಗುತ್ತ ಹೋಗುವುದರಿಂದ, ಒಂದೆರಡು ವಾರ ಕಾದು ಪರೀಕ್ಷಿಸುತ್ತಾರೆ. ಇಷ್ಟು ತಾಳ್ಮೆ, ಇಷ್ಟು ನಿಷ್ಠೆ! ಮೆಚ್ಚದೆ ಇರಲಾಗದು.

ಆದರೆ ಈ ಎಚ್ಚರವೆಲ್ಲ ಯಾರಿಗಾಗಿ? ಕೇಳಿದರೆ ಅವರು ಕೊಡುವ ಉತ್ತರ: ಬಂದೂಕಿನ ನಳಿಗೆಗಾಗಿ. ಗುಂಡು ತೀರ ಮೆದುವಾದರೆ ನಳಿಗೆಯೊಳಗಿನ ತಿರುಚು ಗೀರುಗಳಲ್ಲಿ ಸೀಸ ಮೆತ್ತಿಕೊಳ್ಳುತ್ತದೆ. ತೀರ ಗಡಸಾಗಿ ಮದ್ದಿನ ಒತ್ತಡ ಕಡಿಮೆಯಾದರೆ ಗುಂಡು ನಳಿಗೆಯನ್ನು ತುಂಬಿಕೊಳ್ಳದೆ, ಸಂದಿನಲ್ಲಿ ಬಿಸಿ ಅನಿಲ ನುಗ್ಗಿ ಆಗಲೂ ಅದೇ ಕಥೆ. ಆದ್ದರಿಂದ ಗಡಸು ಒಳ್ಳೆಯದು, ಮೆದು ಕೆಟ್ಟದ್ದು ಎಂಬ ಮಾತೇ ಇಲ್ಲ. ಒತ್ತಡಕ್ಕೆ ತಕ್ಕ ಗಡಸು ಬೇಕು. ಉತ್ತರ ಸರಿಯಾದದ್ದೇ. ಆದರೆ ಗುಂಡು ನಳಿಗೆಯಲ್ಲಿರುವುದು ಕಣ್ಣೆವೆ ಇಕ್ಕುವಷ್ಟು ಹೊತ್ತೂ ಅಲ್ಲ. ಅದು ಹೊರಟು ಎಲ್ಲಿಗೋ ಹೋಗಿ ಸೇರುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಮಿನಿಯೆ ಎಂಬ ಸೇನಾಧಿಕಾರಿಯ ಹೆಸರಿನ ಗುಂಡು ಬಳಕೆಗೆ ಬಂತು. ಅದನ್ನು ಮೆದು ಸೀಸದಿಂದ ಮಾಡಿದ್ದು ನಳಿಗೆಗಾಗಿಯೇ. ಅದರ ಬುಡ ಅರಳಿ ಗೀರುಗಳನ್ನು ಕಚ್ಚಿಕೊಳ್ಳಬೇಕಾಗಿತ್ತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಆ ಮೆದು ಸೀಸ ಎಲುಬಿಗೆ ತಾಗಿ ಚಪ್ಪಟೆಯಾಗಿ, ಎಲುಬನ್ನು ಮುರಿಯುವ ಬದಲು ಚೂರುಚೂರು ಮಾಡಿತು. ವೈದ್ಯರಿಗೆ ಕೈಕಾಲು ಕತ್ತರಿಸುವುದೊಂದೇ ದಾರಿಯಾಯಿತು. ಮೆದುತನವನ್ನು ಆರಿಸಿದವನ ಮನಸ್ಸಿನಲ್ಲಿ ಎಲುಬು ಇತ್ತೋ ಇಲ್ಲವೋ, ಪೆಟ್ಟು ತಿಂದದ್ದಂತೂ ಎಲುಬೇ.

ಮುಂದಿನ ಅಧ್ಯಾಯ ನಮ್ಮ ದೇಶದ್ದು. 1895ರಲ್ಲಿ ಚಿತ್ರಾಲಿನ ಯುದ್ಧದಲ್ಲಿ, ಗಡಸು ಹೊದಿಕೆಯ ಹೊಸ ಗುಂಡು ಶತ್ರುವಿನ ಮೈಯನ್ನು ನೇರವಾಗಿ ತೂರಿಹೋಗುತ್ತದೆ, ಅವನನ್ನು ನಿಲ್ಲಿಸುವುದಿಲ್ಲ ಎಂದು ಬ್ರಿಟಿಷ್ ಸೇನೆ ದೂರಿತು. ಕಲಕತ್ತೆಯ ಬಳಿಯ ಡಂಡಂ ಆಯುಧಾಗಾರದಲ್ಲಿ ಗುಂಡಿನ ಮೂತಿಯ ಹೊದಿಕೆಯನ್ನು ತೆಗೆದು ಒಳಗಿನ ಮೆದು ಸೀಸ ಹೊರಗೆ ಕಾಣುವಂತೆ ಮಾಡಿದರು. ಆ ಊರಿನ ಹೆಸರು ಲೋಕದ ನಿಘಂಟುಗಳಿಗೆ ಸೇರಿದ್ದು ಹೀಗೆ. 1899ರ ಹೇಗ್ ಸಮ್ಮೇಳನದಲ್ಲಿ, ಮನುಷ್ಯನ ಮೈಯಲ್ಲಿ ಸುಲಭವಾಗಿ ಅರಳುವ ಅಥವಾ ಚಪ್ಪಟೆಯಾಗುವ ಗುಂಡನ್ನು ಬಳಸಬಾರದೆಂದು ಘೋಷಣೆಯಾಯಿತು. ಬ್ರಿಟನ್ ಅದನ್ನು ವಿರೋಧಿಸಿತು. ನಾಗರಿಕ ಸೈನಿಕ ಗುಂಡು ತಾಗಿದೊಡನೆ ಹಿಂದೆ ಸರಿಯುತ್ತಾನೆ, ಕಾಡುಜನ ಸರಿಯುವುದಿಲ್ಲ ಎಂಬುದು ಅದರ ಪ್ರತಿನಿಧಿ ಸರ್ ಜಾನ್ ಆರ್ಡಾಗರ ವಾದ. ಆ ಘೋಷಣೆ ಬಂಧಿಸಿದ್ದೂ ಸಹಿ ಹಾಕಿದ ರಾಷ್ಟ್ರಗಳ ನಡುವಣ ಯುದ್ಧಗಳನ್ನು ಮಾತ್ರ. ಗಡಿನಾಡಿನ ಬುಡಕಟ್ಟುಗಳು ಸಹಿ ಹಾಕುವವರ ಪಟ್ಟಿಯಲ್ಲಿರಲಿಲ್ಲವೆಂದು ಬೇರೆ ಹೇಳಬೇಕೆ? ಬ್ರಿಟನ್ ಒಪ್ಪಿದ್ದು 1907ರಲ್ಲಿ.

ಅದೇ ಬ್ರಿಟನ್ನಿನಲ್ಲಿ 1991ರ ಜಿಂಕೆ ಕಾಯಿದೆಯನ್ನು ನೋಡಿ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ರೈಫಲ್ಲಿನಿಂದ ಜಿಂಕೆ ಹೊಡೆಯುವವನು ಮೂತಿ ಮೆದುವಾದ ಇಲ್ಲವೆ ಟೊಳ್ಳಾದ ಗುಂಡನ್ನೇ ಬಳಸಬೇಕು. ಗಡಸು ಗುಂಡು ತೂರಿಹೋದರೆ ಪ್ರಾಣಿ ಗಾಯಗೊಂಡು ಓಡಿ, ಪೊದೆಯಲ್ಲಿ ನರಳಿ ಸಾಯುತ್ತದೆ. ಅರಳುವ ಗುಂಡು ಬೇಗ ಮುಗಿಸುತ್ತದೆ. ಮನುಷ್ಯನ ಮೈಯಲ್ಲಿ ಯಾವುದು ಕ್ರೌರ್ಯವೋ ಜಿಂಕೆಯ ಮೈಯಲ್ಲಿ ಅದು ಕರುಣೆ. ಮನುಷ್ಯನ ಮಟ್ಟಿಗೆ ಕಾನೂನು ಬಯಸುವುದು ಅವನು ಕಾದಾಟದಿಂದ ಹೊರಬಿದ್ದು ಬದುಕಿ ಉಳಿಯಲಿ ಎಂದು. ಜಿಂಕೆಯ ಮಟ್ಟಿಗೆ ಸಾವು ಆಗಲೇ ನಿಶ್ಚಯವಾಗಿ ಹೋಗಿದೆ. ಮೃದು ಮನಸ್ಸು, ಮೆದು ಮಾತು ಎಂದು ಮೆದುತನವನ್ನು ಹೊಗಳಿಯೇ ನಮ್ಮ ಭಾಷೆಗೆ ಅಭ್ಯಾಸ. ಸೀಸದ ವಿಷಯದಲ್ಲಿ ಆ ಹೊಗಳಿಕೆಯನ್ನು ಒಪ್ಪಿಸುವ ಮೊದಲು ಅದು ಯಾರ ಮೈಗೆ ಎಂದು ಕೇಳಬೇಕಾಗುತ್ತದೆ. ಬ್ರಿನೆಲ್ಲನ ಅಂಕಿಯಲ್ಲಿ ಆ ಮೈಯ ಸುಳಿವಿಲ್ಲ.

ಗುಂಡು ಹೊಯ್ಯುವವರಲ್ಲಿ ಎಷ್ಟೋ ಮಂದಿ ಹೊಡೆಯುವುದು ಕಾಗದದ ಗುರಿಗೆ. ಅವರ ಮೇಲೆ ನೀತಿಯ ಭಾರ ಹೊರಿಸುವುದು ನ್ಯಾಯವಲ್ಲ. ಬೇಟೆಗೆ ಹೊರಟವನ ಮಾತು ಬೇರೆ. ಬೇಟೆಯೇ ಕೂಡದೆನ್ನುವವರು ನಮ್ಮಲ್ಲಿ ಬಹಳ. ನನ್ನ ಒಲವೂ ಅತ್ತಲೇ. ಆದರೂ, ಹೊಡೆಯುವುದೇ ನಿಜವಾದರೆ, ಪೆನ್ಸಿಲ್ಲು ಹಿಡಿದು ಎರಡು ವಾರ ಕಾದವನೂ ಸಿಕ್ಕಿದ ಸೀಸವನ್ನು ಹೊಯ್ದು ಹೊರಟವನೂ ಒಂದೇ ಎನ್ನಲು ನನ್ನ ಮನಸ್ಸು ಒಪ್ಪದು. ಜಿಂಕೆಯ ಪಾಲಿಗೆ ಆ ಪೆನ್ಸಿಲ್ಲಿನಲ್ಲಿ ಕೊಂಚ ದಯೆಯಿದೆ. ಅಳೆದದ್ದರಿಂದಲೇ ತನ್ನ ಹೊಣೆ ತೀರಿತೆಂದು ಅವನು ತಿಳಿದರೆ ಮಾತ್ರ ನನ್ನ ತಕರಾರು. ಅಂಕಿ ಕೈಗೆ ಸಿಕ್ಕಿದೊಡನೆ ಮನಸ್ಸು ಹಗುರವಾಗುತ್ತದೆ. ಲೆಕ್ಕ ಸರಿಯಾಗಿದೆ ಎನ್ನುವುದು ಕೆಲಸ ಸರಿಯಾಗಿದೆ ಎಂಬಂತೆಯೇ ಕೇಳಿಸತೊಡಗುತ್ತದೆ. ಕಚೇರಿಗಳಲ್ಲಿ ದುಡಿಯುವ ನಮಗೆ ಈ ಹಗುರ ಅಪರಿಚಿತವೇನಲ್ಲ.

ಇನ್ನು, ಅಳೆಯುವವನ ಕಣ್ಣಿಗೇ ಬೀಳದ ಮೈಯೂ ಒಂದಿರಬಹುದು. ಕ್ಯಾಲಿಫೋರ್ನಿಯದ ಕಾಂಡರ್ ಎಂಬ ದೊಡ್ಡ ರಣಹದ್ದು 1982ರ ವೇಳೆಗೆ 22 ಮಾತ್ರ ಉಳಿದಿತ್ತು. ಪಂಜರದಲ್ಲಿ ಮರಿ ಮಾಡಿಸಿ 1992ರಿಂದ ಮತ್ತೆ ಬಿಟ್ಟ ಹಕ್ಕಿಗಳ ಸಾವಿಗೆ ಮುಖ್ಯ ಕಾರಣ ಸೀಸದ ವಿಷ. ಸೀಸದ ಗುಂಡು ಮೈಯೊಳಗೆ ಅರಳುವಾಗ ಸಣ್ಣ ಸಣ್ಣ ಚೂರುಗಳನ್ನು ಉದುರಿಸುತ್ತದೆ. ಬೇಟೆಗಾರ ಬಿಟ್ಟುಹೋದ ಕರುಳನ್ನು ತಿಂದ ಹದ್ದು ಆ ಚೂರುಗಳನ್ನೂ ತಿನ್ನುತ್ತದೆ. ಜಿಂಕೆಗೆ ತೋರಿಸಿದ ಕರುಣೆ ಹದ್ದಿಗೆ ವಿಷವಾಯಿತು. ನಾವೂ ಇದನ್ನು ಕಂಡವರೇ. ದನಗಳ ನೋವಿಗೆಂದು ಕೊಟ್ಟ ಡೈಕ್ಲೋಫೆನಾಕ್, ಅವುಗಳ ಕಳೇಬರ ತಿಂದ ನಮ್ಮ ರಣಹದ್ದುಗಳ ಸಂತತಿಯನ್ನೇ ಅಳಿಸುತ್ತ ಬಂತು. ದನಗಳಿಗೆ ಆ ಔಷಧವನ್ನು 2006ರಲ್ಲಿ ನಿಷೇಧಿಸಿದರು.

ಕ್ಯಾಲಿಫೋರ್ನಿಯ 2013ರಲ್ಲಿ ಕಾನೂನು ಮಾಡಿತು. 2019ರ ಜುಲೈ 1ರಿಂದ ಅಲ್ಲಿ ಯಾವ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಬದಲಿಗೆ ಬಂದದ್ದು ಮುಖ್ಯವಾಗಿ ತಾಮ್ರದ ಗುಂಡು. ತಾಮ್ರ ಕರಗಬೇಕಾದರೆ 1085 ಡಿಗ್ರಿ ಶಾಖ ಬೇಕು. ಅದು ಶೆಡ್ಡಿನ ಮೂಲೆಯ ಒಲೆಗೆ ಸಾಧ್ಯವಲ್ಲ. ಅಲ್ಲಿನ ಹವ್ಯಾಸಿ ಈಗ ಜಿಂಕೆಗೆಂದು ಅಂಗಡಿಯಿಂದ ಗುಂಡು ಕೊಳ್ಳುತ್ತಾನೆ, ಕಾಗದದ ಗುರಿಗೆಂದು ಮನೆಯಲ್ಲಿ ಸೀಸ ಹೊಯ್ಯುತ್ತಾನೆ.