ಸೋತವನು ಬರುವವರೆಗೆ

2018ರ ಅಕ್ಟೋಬರ್ 28ರ ರಾತ್ರಿ ಮಸ್ಕತ್‌ನಲ್ಲಿ ಮಳೆ ಸುರಿಯಿತು. ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಹಾಕಿಯ ಫೈನಲ್ ಅಂದು. ಭಾರತ ಮತ್ತು ಪಾಕಿಸ್ತಾನ. ಟರ್ಫ್ ಮೇಲೆ ನೀರು ನಿಂತು ಆಟ ಶುರುವಾಗಲೇ ಇಲ್ಲ. ಕಾದು ಕಾದು ಕೊನೆಗೆ ಎರಡೂ ತಂಡಗಳನ್ನು ಜಂಟಿ ವಿಜೇತರೆಂದು ಸಾರಿದರು. ಕಪ್ ಒಂದೇ ಇದ್ದದ್ದರಿಂದ ಅದು ಮೊದಲು ಯಾರ ಹತ್ತಿರ ಇರಬೇಕೆಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಮರುದಿನ ಸೋಮವಾರ ಶಾಲೆಯ ಮೈದಾನದಲ್ಲಿ ಹುಡುಗರು ನನ್ನನ್ನು ಸುತ್ತುವರಿದರು. “ಹಂಗಾದ್ರ ಗೆದ್ದೋರು ಯಾರ್ರೀ ಸರ?” ಇಬ್ಬರೂ ಎಂದೆ. ಗೋಲ್‌ಕೀಪರ್ ಹುಡುಗ ಒಪ್ಪಲಿಲ್ಲ. ಚಿಂಚೋಳಿ ಕಡೆಯ ತಾಂಡಾದಿಂದ ಬಂದು ಹಾಸ್ಟೆಲಿನಲ್ಲಿದ್ದವನು, ಮಾತು ಕಡಿಮೆ. “ಇಬ್ರೂ ಗೆದ್ರಂದ್ರ ಯಾರೂ ಗೆದ್ದಿಲ್ಲ ಅಂದಂಗ ಆತಲ್ಲರೀ” ಎಂದ.

ನಾನು ದೈಹಿಕ ಶಿಕ್ಷಕ. ಶಹಾಬಾದಿನ ಕಲ್ಲುಗಣಿ ಕೆಲಸಗಾರರ ಮನೆಯಲ್ಲಿ ಹುಟ್ಟಿದವನು. ವಾಡಿಯಲ್ಲಿ ರೈಲ್ವೆ ನೌಕರರ ಮಕ್ಕಳ ಜೊತೆ ಹಾಕಿ ಕೋಲು ಹಿಡಿಯಲು ಕಲಿತೆ; ಕೆಲಸ ಸಿಕ್ಕದ್ದು ಸೇಡಂ ತಾಲೂಕಿನಲ್ಲಿ. ನಮ್ಮದು ಹಾಕಿಯ ಸೀಮೆಯಲ್ಲ. ಗಣೇಶ್, ಗೋವಿಂದ, ಸೋಮಯ್ಯ, ಅರ್ಜುನ್ ಹಾಲಪ್ಪ, ರಘುನಾಥ್, ಸುನಿಲ್ ಎಂದು ಸಾಲುಸಾಲಾಗಿ ಆಟಗಾರರನ್ನು ಕೊಟ್ಟದ್ದು ಕೊಡಗು. ನಮ್ಮಲ್ಲಿ ಜಾತ್ರೆಗೆ ಕುಸ್ತಿ, ಊರಿಗೆ ಕಬಡ್ಡಿ, ಉಳಿದ ವೇಳೆಗೆಲ್ಲ ಕ್ರಿಕೆಟ್. ಗಟ್ಟಿ ನೆಲದಲ್ಲಿ ಚೆಂಡು ಎತ್ತ ಪುಟಿಯುತ್ತದೆಂದು ಹೇಳಲಾಗದು. ಮೊಣಕಾಲಿನ ಚರ್ಮ ಉಳಿಯುವುದಿಲ್ಲ. ಆದರೂ ಹಾಕಿ ಕಲಿಸುತ್ತ ಬಂದಿದ್ದೇನೆ. ಆ ಹುಡುಗ ಎತ್ತಿದ ಪ್ರಶ್ನೆ ಮೈದಾನದಲ್ಲಿ ಮುಗಿಯುವಂಥದ್ದಲ್ಲ ಅನ್ನಿಸಿತು. ಗೆಲುವು ಅಂದರೆ ಏನು? ಗೆದ್ದವನು ಆಮೇಲೆ ಅದನ್ನು ಏನು ಮಾಡಬೇಕು? ಈ ಪ್ರಶ್ನೆಯನ್ನು ನಮ್ಮ ತಾಲೂಕಿನ ಒಂದು ಊರು ಸಾವಿರ ವರ್ಷಕ್ಕೂ ಹಿಂದೆಯೇ ಕೈಗೆತ್ತಿಕೊಂಡಿತ್ತು. ಹುಡುಗರನ್ನು ಅಲ್ಲಿಗೇ ಕರೆದುಕೊಂಡು ಹೋದೆ.

ಮಳಖೇಡ, ಕಾಗಿಣಾ ದಂಡೆ. ಇವತ್ತು ಅದರ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಸಿಮೆಂಟು. 9ನೇ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಗುರುವೆಂದು ಮನ್ನಿಸಿದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಆದಿಪುರಾಣ ಬರೆದರು. ಅವರಿಂದ ಪೂರ್ತಿಯಾಗದೆ ಉಳಿದದ್ದನ್ನು ಶಿಷ್ಯ ಗುಣಭದ್ರರು ಮುಂದುವರಿಸಿದರು. ಮುಂದಿನ ಶತಮಾನದಲ್ಲಿ ಪಂಪ ಅದೇ ಕಥೆಯನ್ನು ಕನ್ನಡಕ್ಕೆ ತಂದ. ಪುಷ್ಪದಂತ ಇದೇ ಮಳಖೇಡದಲ್ಲಿದ್ದು ಅಪಭ್ರಂಶದಲ್ಲಿ ಮಹಾಪುರಾಣ ಬರೆದ. ಮೂರು ಭಾಷೆಗಳಲ್ಲಿಯೂ ಭರತ–ಬಾಹುಬಲಿ ಇದ್ದಾರೆ.

ನೇಮಿನಾಥ ಬಸದಿಯ ಹತ್ತಿರ ಕೂತು ಮಕ್ಕಳಿಗೆ ಕಥೆ ಹೇಳಿದೆ. ಅಣ್ಣ ಭರತ ಲೋಕವನ್ನೆಲ್ಲ ಗೆದ್ದು ಬಂದಿದ್ದಾನೆ, ತಮ್ಮ ಬಾಹುಬಲಿ ತಲೆಬಾಗಲು ಒಪ್ಪುವುದಿಲ್ಲ. ಎರಡೂ ಸೇನೆಗಳು ಎದುರುಬದುರು ನಿಂತಿವೆ. ಆಗ ಮಂತ್ರಿಗಳು ನಡುವೆ ಬರುತ್ತಾರೆ. ಇವರಿಬ್ಬರಿಗೂ ಇದೇ ಕೊನೆಯ ಜನ್ಮ, ಇವರಿಗೇನೂ ಆಗುವುದಿಲ್ಲ, ಸಾಯುವುದು ಸೈನಿಕರು. ಆದ್ದರಿಂದ ಅಣ್ಣತಮ್ಮಂದಿರಿಬ್ಬರೇ ನಿಯಮ ಹಾಕಿಕೊಂಡು ಸೆಣಸಲಿ ಎನ್ನುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ಬಾಹುಬಲಿಯೇ ಗೆಲ್ಲುತ್ತಾನೆ. ಕುಸ್ತಿಯಲ್ಲಿ ಅಣ್ಣನನ್ನು ನೆಲಕ್ಕೆ ಬಡಿಯದೆ ಹೆಗಲ ಮೇಲೆ ಎತ್ತಿ ನಿಲ್ಲಿಸುತ್ತಾನೆ. ಅವಮಾನ ತಾಳದೆ ಭರತ ಚಕ್ರ ಬಿಡುತ್ತಾನೆ. ಚಕ್ರ ಬಾಹುಬಲಿಯನ್ನು ಕೊಲ್ಲದೆ ಅವನನ್ನು ಸುತ್ತಿ ನಿಲ್ಲುತ್ತದೆ. ಅದನ್ನು ಕಂಡ ಬಾಹುಬಲಿ ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೋಗುತ್ತಾನೆ.

ಚಿಂಚೋಳಿಯ ಹುಡುಗ ಕೇಳಿದ: “ಗೆದ್ದಾಂವ ಯಾಕ ಅಡವಿಗಿ ಹ್ವಾದಾ ಸರ? ಸೋತಾಂವ ಹೋಗಬೇಕಿತ್ತಲ್ಲ.”

ನನಗೆ ತಿಳಿದ ಮಟ್ಟಿಗೆ ಇದಕ್ಕೆ ಉತ್ತರ ಹೀಗೆ. ಬಾಹುಬಲಿ ಬಿಟ್ಟದ್ದು ಗೆದ್ದ ಮೇಲೆ. ಗೆಲ್ಲುವ ಮೊದಲೇ ಹೋಗಿದ್ದರೆ ಅದನ್ನು ಹೆದರಿಕೆ ಅನ್ನುತ್ತಿದ್ದರು. ಸೋತು ಹೋಗಿದ್ದರೆ ಬೇರೆ ದಾರಿ ಇರಲಿಲ್ಲ ಅನ್ನುತ್ತಿದ್ದರು. ಮೂರು ಪಂದ್ಯಗಳನ್ನೂ ಮೈಮುರಿದು ಆಡಿದ್ದರಿಂದಲೇ ಅವನ ತ್ಯಾಗಕ್ಕೆ ತೂಕ ಬಂತು. ಕೈಯಲ್ಲಿ ಇಲ್ಲದ್ದನ್ನು ಯಾರೂ ಬಿಟ್ಟುಕೊಡಲಾರರು. ಹಾಗಾಗಿ ವೈರಾಗ್ಯದ ಈ ದೊಡ್ಡ ಕಥೆ ಸ್ಪರ್ಧೆಯನ್ನು ಕೀಳಾಗಿ ಕಾಣುವುದಿಲ್ಲ. ವೈರಾಗ್ಯಕ್ಕೆ ಹೋಗುವ ದಾರಿಯೇ ಇಲ್ಲಿ ಒಂದು ಕಟ್ಟುನಿಟ್ಟಾದ ಆಟದ ಮೂಲಕ ಹಾಯುತ್ತದೆ. ಮಸ್ಕತ್‌ನ ಕಪ್ ಹಂಚಿಕೆ ನನ್ನ ಹುಡುಗನಿಗೆ ಹಿಡಿಸದ್ದು ಇದೇ ಕಾರಣಕ್ಕೆ ಎಂದುಕೊಳ್ಳುತ್ತೇನೆ. ಅಲ್ಲಿ ಯಾರೂ ಏನನ್ನೂ ಬಿಟ್ಟುಕೊಡಲಿಲ್ಲ. ಮಳೆ ಹಂಚಿತು, ನಾಣ್ಯ ಹಂಚಿತು.

ನಮ್ಮ ಸಂಸ್ಕೃತ ಮೇಷ್ಟ್ರು ಈ ಮಾತನ್ನು ಅರ್ಧ ಒಪ್ಪಿದರು. ಅವರು ಮಾಧ್ವರು, ಜಯತೀರ್ಥರ ಆರಾಧನೆಗೆ ತಪ್ಪದೆ ಮಳಖೇಡಕ್ಕೆ ಬರುವವರು. ನ್ಯಾಯಸುಧಾ ಬರೆದ ಆ ಟೀಕಾಚಾರ್ಯರ ವೃಂದಾವನ ಇದೇ ಕಾಗಿಣಾ ದಂಡೆಯಲ್ಲಿದೆ. ಅವರ ವಾದ ನೇರವಾಗಿತ್ತು. ಜೀವ ಜೀವಕ್ಕೂ ಭೇದವಿದೆ, ಮುಕ್ತರ ಆನಂದದಲ್ಲೂ ತಾರತಮ್ಯವಿದೆ. ಹಾಗಿರುವಾಗ ಮೈದಾನದಲ್ಲಿ ಮೊದಲು, ಎರಡನೆಯದು ಎನ್ನಲು ನಾಚಿಕೆ ಯಾಕೆ? ಆದರೆ ಹೆಚ್ಚಿನವನನ್ನು ನೋಡಿ ಕಡಿಮೆಯವನಿಗೆ ಅಸೂಯೆ ಹುಟ್ಟುವುದಿಲ್ಲ, ಅದೇ ಮುಕ್ತಿಯ ಗುರುತು ಎಂದರು. ಎರಡು ಬೇರೆ ಬೇರೆ ದರ್ಶನಗಳು, ಒಂದೇ ಊರು, ಒಂದೇ ಹೊಳೆ. ಒಂದು ಗೆದ್ದವನ ಮನಸ್ಸನ್ನು ಪರೀಕ್ಷಿಸುತ್ತದೆ, ಇನ್ನೊಂದು ಸೋತವನ ಮನಸ್ಸನ್ನು. ಹಾಕಿ ಕಲಿಸುವವನಿಗೆ ಎರಡೂ ಬೇಕು. ಅವರ ಮಾತಿನಿಂದ ನನಗೆ ಒಂದು ಸಂಗತಿ ಗಟ್ಟಿಯಾಯಿತು: ಸ್ಕೋರ್ ಬರೆಯಬೇಕು, ಅಳಿಸಬಾರದು. ಚಿಕ್ಕ ಮಕ್ಕಳು ಅತ್ತರೆಂದು ಎಲ್ಲರಿಗೂ ಬಹುಮಾನ ಹಂಚುವ ಈಗಿನ ರೂಢಿ ನನಗೆ ಸೇರುವುದಿಲ್ಲ.

ಚಿತ್ತಾಪುರ ತಾಲೂಕಿನ ಭೀಮಾ ದಂಡೆಯಲ್ಲಿ ಗೆದ್ದು ನೊಂದ ಇನ್ನೊಬ್ಬನಿದ್ದಾನೆ. ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ. ಒಡಿಶಾದ ಧೌಲಿ, ಜೌಗಡಗಳಲ್ಲಿ ಕಳಿಂಗದ ಅಧಿಕಾರಿಗಳಿಗೆಂದು ಕೆತ್ತಿಸಿದ ಪ್ರತ್ಯೇಕ ಶಾಸನಗಳು ಅಷ್ಟು ದೂರದ ನಮ್ಮ ಸನ್ನತಿಯ ಕಲ್ಲಿನಲ್ಲೂ ಇವೆ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ “ರಾಯೊ ಅಸೋಕೊ” ಎಂದು ಹೆಸರು ಬರೆದ ಅವನ ಶಿಲ್ಪ ದೊರೆಯಿತು. ಅಶೋಕನಿಗೆ ಕಳಿಂಗದ ಗೆಲುವು ಕಹಿಯಾದದ್ದು ಲಕ್ಷ ಜನ ಸತ್ತ ಮೇಲೆ. ಬಾಹುಬಲಿಯ ಕಥೆಯಲ್ಲಿ ಒಬ್ಬ ಸೈನಿಕನೂ ಸಾಯುವುದಿಲ್ಲ. ಆ ವ್ಯತ್ಯಾಸವನ್ನು ಉಂಟುಮಾಡಿದವರು ಮಂತ್ರಿಗಳು. ಪುರಾಣ ಅವರಿಗೆ ದೊಡ್ಡ ಜಾಗ ಕೊಡುವುದಿಲ್ಲ, ನಾನು ಕೊಡುತ್ತೇನೆ. ಎರಡು ಸೇನೆ ಎದುರಾಗಿ, ಸಿಟ್ಟು ನೆತ್ತಿಗೇರಿ ನಿಂತಾಗಲೇ ಅವರು ಪಂದ್ಯದ ಮಾತೆತ್ತಿದರು. ಸ್ನೇಹ ಇದ್ದಿದ್ದರೆ ಪಂದ್ಯ ಯಾಕೆ ಬೇಕಿತ್ತು?

ಹಾಕಿಯ ನಿಯಮಗಳನ್ನು ಕಲಿಸುವಾಗ ನನಗೆ ಆ ಮಂತ್ರಿಗಳದೇ ನೆನಪು. ಕೋಲಿನ ಚಪ್ಪಟೆ ಮುಖದಿಂದ ಮಾತ್ರ ಚೆಂಡು ಮುಟ್ಟಬೇಕು, ಉಬ್ಬಿದ ಹಿಂಬದಿ ತಾಗಿದರೆ ಫೌಲ್. ವೃತ್ತದ ಹೊರಗಿನಿಂದ ಎಷ್ಟು ಚೆಂದ ಹೊಡೆದರೂ ಅದು ಗೋಲ್ ಅಲ್ಲ. ಹಸಿರು ಕಾರ್ಡ್ ಕಂಡವನು ಎರಡು ನಿಮಿಷ ಹೊರಗೆ ಕೂರಬೇಕು. ಒಂದು ಕಾಲದಲ್ಲಿ ಆಟ ಶುರುವಾಗುತ್ತಿದ್ದದ್ದು ಬುಲ್ಲಿಯಿಂದ: ಎದುರಾಳಿಗಳಿಬ್ಬರು ಚೆಂಡಿನ ಆಚೆ ಈಚೆ ನಿಂತು, ಒಬ್ಬರ ಕೋಲಿಗೆ ಇನ್ನೊಬ್ಬರ ಕೋಲು ತಾಗಿಸಿ, ಆಮೇಲೆ ಚೆಂಡಿಗೆ ಕೈಹಾಕುತ್ತಿದ್ದರು. ಈಗ ಆಟ ನಡುವೆ ನಿಂತಾಗ ಮಾತ್ರ ಬುಲ್ಲಿ ಉಳಿದಿದೆ. ನನ್ನ ಮೈದಾನದಲ್ಲಿ ಇವತ್ತಿಗೂ ಅದರಿಂದಲೇ ಶುರು. ಎದುರಿಗಿರುವವನ ಕೋಲು ಮುಟ್ಟದೆ ನಿನ್ನ ಆಟವಿಲ್ಲ ಎಂಬುದು ಕೈಗೆ ಗೊತ್ತಾಗಲಿ ಎಂದು.

ಇಷ್ಟು ಹೇಳಿದ ಮೇಲೆ 2025ರ ಮಾತಿಗೆ ಬರಲೇಬೇಕು. ಹಾಕಿಯ ಏಷ್ಯಾ ಕಪ್ ಶುರುವಾದದ್ದು 1982ರಲ್ಲಿ, ಕರಾಚಿಯಲ್ಲಿ. ಮೊದಲ ಮೂರು ಸಲವೂ ಗೆದ್ದದ್ದು ಪಾಕಿಸ್ತಾನ. ನಾವು ಮೊದಲು ಗೆದ್ದದ್ದು 2003ರಲ್ಲಿ ಕೌಲಾಲಂಪುರದಲ್ಲಿ, ಅದೂ ಪಾಕಿಸ್ತಾನವನ್ನೇ 4–2ರಿಂದ ಸೋಲಿಸಿ. ಧನರಾಜ್ ಪಿಳ್ಳೈ ನಾಯಕ. 2016ರ ದೀಪಾವಳಿಯ ದಿನ ಕ್ವಾಂಟನ್‌ನಲ್ಲಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿಯ ಫೈನಲ್ 2–2 ಆಗಿದ್ದಾಗ ಪಾಕಿಸ್ತಾನದ ಮೇಲೆ ಗೆಲುವಿನ ಗೋಲ್ ಹೊಡೆದವನು ಕೊಡಗಿನ ನಿಕ್ಕಿನ್ ತಿಮ್ಮಯ್ಯ. ಆ ಗೆಲುವುಗಳ ರುಚಿಯೇ ಬೇರೆ. 2025ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಬಿಹಾರದ ರಾಜಗೀರ್‌ನಲ್ಲಿ ಏಷ್ಯಾ ಕಪ್ ನಡೆದಾಗ ಪಾಕಿಸ್ತಾನ ಬರಲಿಲ್ಲ, ಅದರ ಜಾಗಕ್ಕೆ ಬಾಂಗ್ಲಾದೇಶ ಬಂತು. ಹರ್ಮನ್‌ಪ್ರೀತ್ ಸಿಂಗ್ ಪಡೆ ಫೈನಲ್‌ನಲ್ಲಿ ಕೊರಿಯಾವನ್ನು 4–1ರಿಂದ ಸೋಲಿಸಿ ನಾಲ್ಕನೇ ಸಲ ಕಪ್ ಎತ್ತಿತು, ವಿಶ್ವಕಪ್‌ಗೆ ಅರ್ಹತೆಯನ್ನೂ ಪಡೆಯಿತು. ನಾನೂ ಕುಣಿದೆ. ಕೊರಿಯಾ ಐದು ಸಲ ಏಷ್ಯಾ ಕಪ್ ಗೆದ್ದ ತಂಡ, ಅದನ್ನು ಸೋಲಿಸುವುದು ಸಣ್ಣ ಮಾತಲ್ಲ. ಆದರೂ ಒಂದು ಕುರ್ಚಿ ಖಾಲಿ ಇತ್ತು.

ಯಾಕೆ ಬರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ನಮ್ಮ ಕರ್ನಾಟಕದವರೂ ಅದರಲ್ಲಿದ್ದರು. ಮೇ ತಿಂಗಳಲ್ಲಿ ಎರಡು ದೇಶಗಳ ನಡುವೆ ಕ್ಷಿಪಣಿಗಳು ಹಾರಿದವು. ಗಂಡನನ್ನು ಕಣ್ಣೆದುರೇ ಕಳೆದುಕೊಂಡ ಹೆಣ್ಣುಮಗಳಿಗೆ ಹೋಗಿ ಆಟದ ತತ್ವ ಹೇಳುವ ಅಧಿಕಾರ ನನಗಿಲ್ಲ. ಅವಳು ನೋಡಲಾರೆ ಎಂದರೆ ಅದು ನ್ಯಾಯ. ನಾನು ಮಾತಾಡುತ್ತಿರುವುದು ನೋಡಬಲ್ಲ ನಮ್ಮಂಥವರ ಬಗ್ಗೆ, ಆಡದೆ ಇರುವುದನ್ನೇ ಗೆಲುವು ಎಂದು ಎಣಿಸಲು ಹೊರಟವರ ಬಗ್ಗೆ. ಆಡದೆ ಉಳಿಯುವುದು ಗೆಲುವೂ ಅಲ್ಲ, ತ್ಯಾಗವೂ ಅಲ್ಲ. ಮಾನ್ಯಖೇಟದ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. ಆ ಲೆಕ್ಕ ಬರೆದ ಊರು ಏನೂ ಕಾಣದ ಊರೂ ಅಲ್ಲ: 972ರಲ್ಲಿ ಪರಮಾರ ಸೀಯಕ ನುಗ್ಗಿ ಅದನ್ನು ಲೂಟಿ ಮಾಡಿದ. ಪುಷ್ಪದಂತ ಆ ಹಾಳನ್ನು ಕಂಡು ದುಃಖಪಟ್ಟ. ಸುಟ್ಟ ಊರಿನಲ್ಲೂ ಭರತ–ಬಾಹುಬಲಿಯ ಕಥೆಯನ್ನು ಓದುವವರು ಉಳಿದರು.

ಕಥೆಯ ಕೊನೆಯ ಭಾಗವನ್ನು ಅಂದು ಹುಡುಗರಿಗೆ ಹೇಳಿರಲಿಲ್ಲ, ರಾಜಗೀರ್ ಆದ ಮೇಲೆ ಹೊಸ ಹುಡುಗರಿಗೆ ಹೇಳಿದೆ. ಬಾಹುಬಲಿ ಒಂದು ವರ್ಷ ಅಲುಗದೆ ನಿಂತ. ಕಾಲಿಗೆ ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು. ಕೇವಲಜ್ಞಾನ ಮಾತ್ರ ಆಗಲಿಲ್ಲ. ನನ್ನಿಂದ ಅಣ್ಣನಿಗೆ ನೋವಾಯಿತಲ್ಲ ಎಂಬ ಎಳೆಯೊಂದು ಒಳಗೆ ಉಳಿದಿತ್ತು ಎನ್ನುತ್ತಾರೆ ಜಿನಸೇನರು. ಸೋತ ಭರತ ತಾನಾಗಿ ಬಂದು ತಮ್ಮನನ್ನು ಪೂಜಿಸಿದಾಗ ಆ ಎಳೆ ಕಡಿಯಿತು, ಜ್ಞಾನ ಆಯಿತು. ಎಂಥ ಮಾತು ಇದು! ಗೆದ್ದವನ ಮುಕ್ತಿ ಸೋತವನ ಹೆಜ್ಜೆಗೆ ಕಾದಿತ್ತು. ಚಕ್ರ ಬಿಟ್ಟ ಕೈಯೇ ಪೂಜೆಗೂ ಬರಬೇಕಾಯಿತು. ಚಕ್ರವರ್ತಿ ಕಾಡಿನವರೆಗೆ ನಡೆದು ಬಂದ. ಅದು ಬಾಹುಬಲಿಯ ಮೂರು ಗೆಲುವುಗಳಿಗಿಂತ ಕಡಿಮೆಯದಲ್ಲ. ಸಂಸ್ಕೃತ ಮೇಷ್ಟ್ರು ಹೇಳಿದ ಅಸೂಯೆ ಇಲ್ಲದ ತಾರತಮ್ಯಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ, ಅದು ಅವರ ಮತದ ಪುರಾಣವಲ್ಲದಿದ್ದರೂ.

ರಾಜಗೀರ್ ನಡೆದ ಅದೇ ಸೆಪ್ಟೆಂಬರಿನಲ್ಲಿ ಕ್ರಿಕೆಟ್ ಏಷ್ಯಾ ಕಪ್‌ನಲ್ಲಿ ಭಾರತ, ಪಾಕಿಸ್ತಾನ ದುಬೈಯಲ್ಲಿ ಎದುರಾದವು. ಪಂದ್ಯ ಆಡಿದರು, ಕೈ ಕುಲುಕಲಿಲ್ಲ. ಅಕ್ಟೋಬರಿನಲ್ಲಿ ಮಲೇಷ್ಯಾದ ಜೊಹೊರ್‌ನಲ್ಲಿ ಎರಡೂ ದೇಶಗಳ ಕಿರಿಯರ ಹಾಕಿ ತಂಡಗಳು ಎದುರಾದವು. ಪಂದ್ಯಕ್ಕೆ ಮುಂಚೆ ಹುಡುಗರು ಅಂಗೈಗೆ ಅಂಗೈ ತಟ್ಟಿದರು. ಆಮೇಲೆ ಬಿಟ್ಟುಕೊಡದೆ ಆಡಿದರು, 3–3. ಆ ವಿಡಿಯೋ ತುಣುಕನ್ನು ನಮ್ಮ ಹುಡುಗರಿಗೆ ಮತ್ತೆ ಮತ್ತೆ ತೋರಿಸಿದ್ದೇನೆ. ಅಂಗೈ ತಟ್ಟಿದ್ದರಿಂದ ಯಾವ ಹುಡುಗನ ಟ್ಯಾಕಲ್ಲೂ ಮೆತ್ತಗಾಗಲಿಲ್ಲ, ಅದನ್ನು ನೋಡಿ ಎಂದು ಹೇಳುತ್ತೇನೆ.

ಮುಂದಿನ ಏಷ್ಯಾ ಕಪ್ ಎಲ್ಲೇ ಆಗಲಿ, ಪಾಕಿಸ್ತಾನ ಬರಬೇಕು ಎಂಬುದು ನನ್ನ ಆಸೆ. ಮಳೆ ಬರಬಾರದು. ನಾಲ್ಕು ಕ್ವಾರ್ಟರ್, 60 ನಿಮಿಷ ಪೂರ್ತಿ ಆಡಬೇಕು, ಸ್ಕೋರ್ ಬರೆಯಬೇಕು. ನಾವು ಗೆಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಗೆದ್ದರೆ ಅವರು ಬರುವವರೆಗೆ ನಮ್ಮ ಹುಡುಗರು ಮೈದಾನ ಬಿಡಬಾರದು. ಸೋತರೆ ಮೊದಲು ನಡೆದು ಹೋಗುವವರು ನಾವಾಗಿರಬೇಕು.