ಎಳೆ ಕಡಿದರೆ ನಿಲ್ಲುವ ಮಗ್ಗ

ಕಳೆದ ಯುಗಾದಿಗೆ ನನ್ನ ತಮ್ಮನ ಮಗ ಊರಿಗೆ ಬಂದಿದ್ದ. ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಅವನು ಸೂಪರ್‌ವೈಸರ್. ಒಬ್ಬಟ್ಟಿನ ಎಲೆಯ ಮುಂದೆ ಕೂತರೂ ಹುಡುಗನ ಮುಖದಲ್ಲಿ ಹಬ್ಬವಿರಲಿಲ್ಲ. ಕೈ ತೊಳೆದು ಜಗಲಿಗೆ ಬಂದ ಮೇಲೆ ವಿಷಯ ಹೊರಬಿತ್ತು. ಲೇತ್ ಮೇಲೆ ಕೆಲಸ ಮಾಡುವ ಒಬ್ಬಾತ, ಕೊರೆಯುವ ತೂತಿನ ಅಳತೆ ಕೂದಲೆಳೆಯಷ್ಟು ಹೆಚ್ಚಾಗುತ್ತಿರುವುದನ್ನು ಬೆಳಿಗ್ಗೆಯೇ ಕಂಡನಂತೆ; ಕಂಡೂ ಸುಮ್ಮನಿದ್ದನಂತೆ. ಪಾಳಿ ಮುಗಿಯುವಷ್ಟರಲ್ಲಿ ಮುನ್ನೂರು ತುಂಡುಗಳು ಪೆಟ್ಟಿಗೆ ಸೇರಿದ್ದವು. ವಾರದ ನಂತರ ಅಷ್ಟೂ ಗಿರಾಕಿಯಿಂದ ವಾಪಸು ಬಂದವು.

“ಅವನ ಮೇಲೆ ರಿಪೋರ್ಟ್ ಬರೀಬೇಕು ಅತ್ತೆ. ಸೋಮವಾರ ಮ್ಯಾನೇಜರ್ ಮೇಜಿನ ಮೇಲೆ ಇರಬೇಕಂತೆ,” ಎಂದ.

“ಬರಿ ಮತ್ತೆ. ತಪ್ಪು ಕಂಡೂ ಬಾಯಿ ಮುಚ್ಚಿಕೊಂಡಿದ್ದನಲ್ಲ, ಅದು ಸುಳ್ಳು ಹೇಳಿದ ಹಾಗೇ ಅಲ್ಲವೇನೋ?” ಎಂದೆ. ಇಷ್ಟು ವರ್ಷ ಮಕ್ಕಳಿಗೆ ಕನ್ನಡದ ಜೊತೆಗೆ ನೀತಿಯನ್ನೂ ಹೇಳಿಕೊಟ್ಟವಳು ನಾನು. ತೀರ್ಪು ನಾಲಿಗೆಯ ತುದಿಯಲ್ಲೇ ಇರುತ್ತದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಹೋದ ವರ್ಷ ಇದೇ ಮನುಷ್ಯ ಮೆಷೀನ್ ನಿಲ್ಲಿಸಿ, ಅಳತೆ ತಪ್ತಾ ಇದೆ ಅಂತ ಬಂದು ಹೇಳಿದ್ದ. ಉತ್ಪಾದನೆ ನಿಂತಿತು ಅಂತ ಅವನ ಅರ್ಧ ದಿನದ ಸಂಬಳ ಹಿಡಿದರು,” ಎಂದ.

ಈಗ ಬಾಯಿ ಮುಚ್ಚುವ ಸರದಿ ನನ್ನದಾಯಿತು.

ಅವರ ಕಾರ್ಖಾನೆಯಲ್ಲಿ ಸುಧಾರಣೆಯ ಮಾತಿಗೇನೂ ಬರವಿಲ್ಲವಂತೆ. ‘ಕೈಜೆನ್’ ಎಂಬ ಜಪಾನಿ ಪದವನ್ನು ಗೋಡೆಯ ಮೇಲೆ ಆಳೆತ್ತರಕ್ಕೆ ಬರೆಸಿದ್ದಾರೆ. ಒಳ್ಳೆಯದರ ಕಡೆಗೆ ಬದಲಾವಣೆ ಎಂದು ಅದರ ಅರ್ಥ. ಬಾಗಿಲ ಬಳಿ ಸಲಹೆ ಪೆಟ್ಟಿಗೆಯೂ ಇದೆ. ಅದರ ಬೀಗದ ಕೈ ಎಲ್ಲಿದೆಯೆಂದು ಮಾತ್ರ ಯಾರಿಗೂ ತಿಳಿಯದು. ಅವನು ನಗುತ್ತಲೇ ಇದನ್ನೆಲ್ಲ ಹೇಳಿ, ತಾನು ತಂದಿದ್ದ ಒಂದೆರಡು ಪುಸ್ತಕಗಳನ್ನು ನನ್ನ ಮುಂದಿಟ್ಟ. ಲೇತು, ಬೇರಿಂಗು ನನಗೇನು ಅರ್ಥವಾದೀತು ಎಂದುಕೊಂಡೇ ತೆರೆದೆ. ಸಂಜೆಯವರೆಗೆ ಕೆಳಗಿಡಲಾಗಲಿಲ್ಲ.

ಈ ಕೈಜೆನ್‌ನ ಬೇರು ಒಂದು ಮಗ್ಗದಲ್ಲಿದೆಯೆಂದು ಎಷ್ಟು ಜನರಿಗೆ ಗೊತ್ತು? 1867ರಲ್ಲಿ ಜಪಾನಿನ ಹಳ್ಳಿಯೊಂದರಲ್ಲಿ, ಬಡಗಿಯ ಮಗನಾಗಿ ಸಾಕಿಚಿ ಟೊಯೊಡ ಹುಟ್ಟಿದ. ಮಗ್ಗದಲ್ಲಿ ಹಾಸಿನ ಎಳೆಯೊಂದು ಕಡಿದರೆ ನೇಯುವವರ ಕಣ್ಣಿಗೆ ತಕ್ಷಣ ಬೀಳದು. ಗಜಗಟ್ಟಲೆ ಬಟ್ಟೆ ಕೆಟ್ಟ ಮೇಲೆಯೇ ಗೊತ್ತಾಗುವುದು. ಹಾಗಾಗಿ ಯಂತ್ರದ ಮಗ್ಗ ಬಂದ ಮೇಲೂ ಅದನ್ನು ಕಾಯುತ್ತ ಒಬ್ಬರು ನಿಲ್ಲಬೇಕಿತ್ತು. ಸಾಕಿಚಿ ವರ್ಷಗಟ್ಟಲೆ ಹೆಣಗಿ, 1924ರಲ್ಲಿ ಪೂರ್ಣಗೊಳಿಸಿದ ಮಗ್ಗ, ಎಳೆ ಕಡಿದೊಡನೆ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆಯನ್ನು ಮುಂದುವರಿಸುವುದಕ್ಕಿಂತ ನಿಲ್ಲುವುದು ಮೇಲು ಎಂಬ ವಿವೇಕವನ್ನು ಅವನು ಮರಕ್ಕೂ ಕಬ್ಬಿಣಕ್ಕೂ ಕಲಿಸಿದ.

ಅವನ ಮಗ ಕಿಯಿಚಿರೊ 1937ರಲ್ಲಿ ಟೊಯೊಟ ಮೋಟಾರು ಕಂಪನಿ ಕಟ್ಟಿದ. ಆ ಮಗ್ಗದ ವಿವೇಕ ಮುಂದೆ ಕಾರಿನ ಕಾರ್ಖಾನೆಯಲ್ಲಿ ಹಗ್ಗವಾಯಿತು. ಕಾರುಗಳು ಸಾಲಾಗಿ ಸಾಗುವ ದಾರಿಯುದ್ದಕ್ಕೂ ತಲೆಯ ಮೇಲೆ ಹಗ್ಗ. ಏನಾದರೂ ತಪ್ಪು ಕಂಡರೆ ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು. ಎಳೆದೊಡನೆ ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಈ ಏರ್ಪಾಟಿಗೆ ‘ಆಂಡೊನ್’ ಎಂದು ಹೆಸರು. ಜಪಾನಿನ ಹಳೆಯ ಕಾಗದದ ದೀಪದ ಹೆಸರದು. ಸರಿಹೋದ ಮೇಲೂ ಮಾತು ಮುಗಿಯುವುದಿಲ್ಲ. ‘ಯಾರು ಮಾಡಿದ್ದು?’ ಎಂದು ಕೇಳುವ ಬದಲು ‘ಯಾಕಾಯಿತು?’ ಎಂದು ಐದು ಸಲ ಕೇಳಬೇಕಂತೆ. ಅಲ್ಲಿಯ ತಾಯಿಚಿ ಓನೊ ಕೊಟ್ಟ ಉದಾಹರಣೆ ಸೊಗಸಾಗಿದೆ. ಯಂತ್ರ ನಿಂತಿತು, ಯಾಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆ ಯಾಕೆ ಹೆಚ್ಚಿತು? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಯಾಕೆ? ಪಂಪು ಎಣ್ಣೆ ಎಳೆಯುತ್ತಿರಲಿಲ್ಲ. ಅದು ಯಾಕೆ? ಅದರ ದಂಡ ಸವೆದಿತ್ತು. ಸವೆದದ್ದು ಯಾಕೆ? ಸೋಸುವ ಜಾಲರಿಯಿಲ್ಲದೆ ಲೋಹದ ಚೂರು ಒಳಹೊಕ್ಕಿತ್ತು. ಮೊದಲ ಉತ್ತರಕ್ಕೇ ನಿಂತವನು ಫ್ಯೂಸ್ ಹಾಕಿ ಮನೆಗೆ ಹೋಗುತ್ತಾನೆ. ಯಂತ್ರ ಮತ್ತೆ ನಿಲ್ಲುತ್ತದೆ.

ಇಲ್ಲಿ ನನ್ನೊಳಗಿನ ಮೇಷ್ಟ್ರಮ್ಮ ತಕರಾರು ತೆಗೆದಳು. ಹೀಗೆ ಕಾರಣದ ಹಿಂದೆ ಕಾರಣ ಹುಡುಕುತ್ತ ಹೋದರೆ ಕೊನೆಗೆ ಯಾರೂ ಹೊಣೆಯಲ್ಲ ಎಂದಾಗುವುದಿಲ್ಲವೇ? ಶಿಕ್ಷೆಯ ಭಯವೇ ಇಲ್ಲದಿದ್ದರೆ ಕೆಲಸದಲ್ಲಿ ನಿಗಾ ಎಲ್ಲಿಂದ ಬರಬೇಕು? ಬೇಕೆಂತಲೇ ಕೆಡಿಸುವವರೂ ಲೋಕದಲ್ಲಿ ಇದ್ದಾರಲ್ಲ?

ಇದಕ್ಕೆ ಉತ್ತರ ಪುಸ್ತಕದಲ್ಲಿ ಸಿಗಲಿಲ್ಲ. ನನ್ನ ತರಗತಿಯಲ್ಲೇ ಇತ್ತು.

ಬಹಳ ವರ್ಷಗಳ ಹಿಂದೆ ಒಬ್ಬ ಹುಡುಗಿಯನ್ನು ಕರೆದು ಹಲಗೆಯ ಮೇಲೆ ನಾಲ್ಕು ವಾಕ್ಯ ಬರೆಸಿದೆ. ಮಹಾಪ್ರಾಣಗಳೆಲ್ಲ ಅಲ್ಪಪ್ರಾಣಗಳಾಗಿದ್ದವು. “ಹೈಸ್ಕೂಲಿಗೆ ಬಂದೂ ಇಷ್ಟೂ ಬಾರದೇನೇ?” ಎಂದೆ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅಂದಿನಿಂದ ಅವಳ ಪುಸ್ತಕದಲ್ಲಿ ಒಂದೂ ತಪ್ಪಿಲ್ಲ. ಮುತ್ತು ಪೋಣಿಸಿದಂತಹ ಅಕ್ಷರ, ಅಚ್ಚುಕಟ್ಟಾದ ಪ್ರಬಂಧ. ಎಲ್ಲವೂ ಗೈಡಿನಿಂದ ಇಳಿಸಿದ್ದು ಎಂದು ನೋಡುವ ಗೋಜಿಗೆ ಹೋಗದೆ ವರ್ಷವಿಡೀ ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಬರೆದುಕೊಂಡು ಹೋದೆ. ಎಸ್ಸೆಸ್ಸೆಲ್ಸಿಯಲ್ಲಿ ಹುಡುಗಿ ಕನ್ನಡದಲ್ಲೇ ನಪಾಸಾದಳು. ಅವಳ ತಾಯಿ ಪುಸ್ತಕಗಳ ಕಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು, “ಎಲ್ಲಾ ಕಡೆ ನಿಮ್ಮ ಸಹಿ ಐತಲ್ಲ ಮೇಡಂ, ಉತ್ತಮ ಅಂತ?” ಎಂದು ಕೇಳಿದರು. ಜಗಳಕ್ಕೆ ಕೇಳಿದ್ದಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ್ದು. ಆ ಹುಡುಗಿ ಮತ್ತೆ ಪರೀಕ್ಷೆಗೆ ಕೂರಲಿಲ್ಲ. ಮುಂದಿನ ವರ್ಷ ಮದುವೆ ಮಾಡಿದರು.

ತಪ್ಪನ್ನು ಮುಚ್ಚಿಟ್ಟವಳು ಅವಳು, ನಿಜ. ಮುಚ್ಚಿಡುವುದನ್ನು ಕಲಿಸಿದವರು ಯಾರು? ಭಯದಿಂದ ನಿಗಾ ಬರಲಿಲ್ಲ; ಮುಚ್ಚುವ ಜಾಣತನ ಬಂತು. ಐದು ಸಲ ಯಾಕೆಂದು ಕೇಳಿದ್ದರೆ ಮೂರನೆಯ ಉತ್ತರದಲ್ಲೇ ನನ್ನ ಹೆಸರು ಬರುತ್ತಿತ್ತು. ಹೊಣೆ ಹೀಗೆ ಕೇಳುವುದರಿಂದ ಕರಗಿಹೋಗುವುದಿಲ್ಲ. ಕೆಳಗಿದ್ದವರ ತಲೆಯಿಂದ ಇಳಿದು ಮೇಲಿದ್ದವರ ಹೆಗಲಿಗೂ ಹಂಚಿಕೆಯಾಗುತ್ತದೆ, ಅಷ್ಟೆ. ಬಹುಶಃ ಅದಕ್ಕೇ ಮೇಲಿದ್ದವರಿಗೆ ಮೊದಲ ಉತ್ತರವೇ ಸಾಕೆನಿಸುವುದು. ಬೇಕೆಂತಲೇ ಕೆಡಿಸುವವರು ಇದ್ದಾರು. ಆದರೆ ನಾನು ಇಷ್ಟು ವರ್ಷಗಳಲ್ಲಿ ಕಂಡ ತಪ್ಪುಗಳಲ್ಲಿ ಬೇಕೆಂತಲೇ ಮಾಡಿದ್ದು ಬೆರಳೆಣಿಕೆಯಷ್ಟು.

ಜನ ಕೆಟ್ಟವರು ಎನ್ನುವ ಮೊದಲು ಅಮೆರಿಕದ ಕ್ಯಾಲಿಫೋರ್ನಿಯದ ಫ್ರಿಮಾಂಟ್ ಎಂಬ ಊರಿನ ಕಥೆ ಕೇಳಬೇಕು. ಅಲ್ಲಿ ಜನರಲ್ ಮೋಟರ್ಸ್ ಕಂಪನಿಯ ಕಾರ್ಖಾನೆಯೊಂದಿತ್ತು. ಗೈರುಹಾಜರಿ, ಕುಡಿತ, ಜಗಳಗಳಿಗೆ ಹೆಸರಾದದ್ದು. ಏನೇ ಆಗಲಿ ಸಾಲು ನಿಲ್ಲಕೂಡದು ಎಂಬುದು ಅಲ್ಲಿಯ ಕಟ್ಟಪ್ಪಣೆ; ಕೆಟ್ಟ ಕಾರುಗಳು ಹಾಗೇ ಮುಂದೆ ಹೋಗುತ್ತಿದ್ದವು. 1982ರಲ್ಲಿ ಅದನ್ನು ಮುಚ್ಚಿದರು. 1984ರಲ್ಲಿ ಟೊಯೊಟದ ಜೊತೆಗೂಡಿ ಅದೇ ಕಟ್ಟಡವನ್ನು ಮತ್ತೆ ತೆರೆದಾಗ ಬಂದವರಲ್ಲಿ ಬಹುಪಾಲು ಅದೇ ಹಳೆಯ ಕೆಲಸಗಾರರು. ನೂರಾರು ಮಂದಿಯನ್ನು ಜಪಾನಿಗೆ ಕಳಿಸಿ ಕಲಿಸಿದರು. ತಲೆಯ ಮೇಲೆ ಹಗ್ಗ ಕಟ್ಟಿದರು. ಸ್ವಲ್ಪ ಕಾಲದಲ್ಲೇ ಅಮೆರಿಕದ ಒಳ್ಳೆಯ ಕಾರುಗಳ ಸಾಲಿಗೆ ಅಲ್ಲಿಯ ಕಾರುಗಳೂ ಸೇರಿದವು. ಬದಲಾದದ್ದು ಜನರಲ್ಲ. ಇನ್ನೊಂದು ಮಾತೂ ಮುಖ್ಯ: 1980ರ ದಶಕದ ಕೊನೆಗೆ ಮಾರಾಟ ಕುಸಿದಾಗ ಅಲ್ಲಿ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ, ಬಿಡುವಿನಲ್ಲಿ ತರಬೇತಿ ಕೊಟ್ಟರು. ತನ್ನ ಸಲಹೆಯಿಂದ ತನ್ನ ಅನ್ನಕ್ಕೇ ಕಲ್ಲು ಬೀಳುವುದಾದರೆ ಸಲಹೆ ಕೊಡುವ ಹುಚ್ಚ ಯಾರು? ಕೊನೆಗೆ 2010ರಲ್ಲಿ ಆ ಕಾರ್ಖಾನೆಯೂ ಮುಚ್ಚಿತು. ಜನರಲ್ ಮೋಟರ್ಸ್ ತನ್ನ ಬೇರೆ ಕಾರ್ಖಾನೆಗಳಿಗೆ ಈ ಪಾಠ ದಾಟಿಸಲು ವರ್ಷಗಟ್ಟಲೆ ಹೆಣಗಿತ್ತು. ಹಗ್ಗ ಕಟ್ಟುವುದು ಸುಲಭ. ಎಳೆದವನ ಮೇಲೆ ರೇಗದಿರುವುದು ಕಷ್ಟ.

ಹಗ್ಗ ಕಂಡುಹಿಡಿದ ಮನೆಯಲ್ಲೂ ಅದು ಶಾಶ್ವತವಲ್ಲ. ಟೊಯೊಟ ಬಳಗದ್ದೇ ಆದ ಡೈಹಾಟ್ಸು ಕಂಪನಿ, ಕಾರುಗಳ ಸುರಕ್ಷತೆಯ ಪರೀಕ್ಷೆಯಲ್ಲಿ ಮೋಸ ಮಾಡಿದ್ದು 2023ರಲ್ಲಿ ಹೊರಬಂತು. 64 ಮಾದರಿಗಳಲ್ಲಿ 174 ಅಕ್ರಮಗಳು ಎಂದಿತು ತನಿಖೆಯ ವರದಿ. ಕಾರಣ ಹುಡುಕಿದರೆ, ಗಡುವು ಅಷ್ಟು ಬಿಗಿಯಾಗಿತ್ತು. ಆಗುವುದಿಲ್ಲ ಎಂದು ಕೆಳಗಿನವರು ಹೇಳುವಂತಿರಲಿಲ್ಲ. ಒಮ್ಮೆ ಕಲಿತ ಸಂಸ್ಥೆ ಸದಾ ಕಲಿತೇ ಇರುತ್ತದೆಂದಲ್ಲ. ದಿನವೂ ಬೆಳಗುವ ಪಾತ್ರೆಯ ಹಾಗೆ ಅದು.

ನಾನು ಪ್ರತಿ ವರ್ಷ ಪುಣ್ಯಕೋಟಿಯ ಕಥೆ ಪಾಠ ಮಾಡುತ್ತೇನೆ. ಸಾವು ಎದುರಿಗಿದ್ದರೂ ಮಾತಿಗೆ ತಪ್ಪದೆ ಮರಳಿ ಬಂದ ಹಸುವನ್ನು ಕೊಂಡಾಡಿ, ನೀವೂ ಹಾಗಿರಿ ಎಂದು ಮಕ್ಕಳಿಗೆ ಹೇಳುತ್ತೇನೆ. ಎಲ್ಲರೂ ಪುಣ್ಯಕೋಟಿಗಳಾಗುವುದು ಸಾಧ್ಯವೇ? ಆ ಲೇತ್ ಕೆಲಸಗಾರನಿಗೆ ಮನೆಯಿದೆ, ಮಕ್ಕಳಿದ್ದಾರೆ. ಆಡಿದ ಸತ್ಯಕ್ಕೆ ಒಮ್ಮೆ ದಂಡ ತೆತ್ತಿದ್ದಾನೆ. ಸತ್ಯ ಹೇಳಲು ಪ್ರಾಣವನ್ನೇ ಪಣಕ್ಕಿಡಬೇಕಾದ ಕಾಡು ಒಳ್ಳೆಯ ಕಾಡಲ್ಲ. ಸಾಮಾನ್ಯ ಕರುವೂ ಅಂಜದೆ ಸತ್ಯ ಹೇಳುವಂತಿರಬೇಕು. ಅದಕ್ಕೆ ಬದಲಾಗಬೇಕಾದದ್ದು ಹುಲಿ. ಕಥೆಯಲ್ಲೂ ಹುಲಿ ಬದಲಾಗುತ್ತದೆ. ನಾವೇ ಆ ಭಾಗವನ್ನು ಬೇಗ ಬೇಗ ಮುಗಿಸಿ ಗಂಟೆ ಹೊಡೆಯುವುದನ್ನು ಕಾಯುತ್ತೇವೆ.

ನಮ್ಮ ಮನೆಗಳಲ್ಲಿ ನಾವೆಲ್ಲ ಒಂದಲ್ಲ ಒಂದು ಹೊತ್ತಿನಲ್ಲಿ ಹುಲಿಗಳೇ. ಹಾಲು ಉಕ್ಕಿಸಿದ ಸೊಸೆಗೆ, ಅಂಕಪಟ್ಟಿ ಬಚ್ಚಿಟ್ಟ ಮಗನಿಗೆ, ಲೋಟ ಒಡೆದ ಕೆಲಸದ ಹುಡುಗಿಗೆ.

ಭಾನುವಾರ ರಾತ್ರಿ ಹುಡುಗ ಜಗಲಿಯಲ್ಲೇ ಕೂತು ರಿಪೋರ್ಟ್ ಬರೆದ. ಯಾಕೆ ಎಂದು ಐದು ಸಲ ಕೇಳಿಕೊಂಡನಂತೆ. ಕೊರೆಯುವ ಹತಾರ ಸವೆದಿತ್ತು. ಬದಲಿಸುವ ದಿನವನ್ನು ಮುಂದೂಡಿದ್ದರು. ಮುಂದೂಡಿದ ಚೀಟಿಯಲ್ಲಿ ಅವನದೇ ಸಹಿಯಿತ್ತು. ಅದನ್ನೂ ಬರೆದ. “ನನ್ನ ಬಡ್ತಿಯ ವರ್ಷ ಇದು ಅತ್ತೆ,” ಎಂದ. ಅಳಿಸು ಎಂದಾಗಲಿ ಬೇಡ ಎಂದಾಗಲಿ ನಾನು ಹೇಳಲಿಲ್ಲ. ಮ್ಯಾನೇಜರ್ ಓದಿ ‘ನೋಡೋಣ’ ಎಂದರಂತೆ. ಆ ಕೆಲಸಗಾರ ಇನ್ನೂ ಕೆಲಸದಲ್ಲಿದ್ದಾನೆ. ಇವನ ಬಡ್ತಿ ಬಂದಿಲ್ಲ.

ಜೂನಿನಲ್ಲಿ ಶಾಲೆ ತೆರೆದಾಗ ಹಲಗೆಯ ಮೇಲೆ ಬರೆಯುತ್ತ ನಾನೊಂದು ಒತ್ತಕ್ಷರ ತಪ್ಪಿದೆ. ಬೇಕೆಂದಲ್ಲ, ನಿಜವಾಗಿಯೂ ತಪ್ಪಿದ್ದು. ಹಿಂದಿನ ಬೆಂಚಿನಿಂದ ಒಂದು ಕೈ ಅರ್ಧ ಮೇಲೆದ್ದು ಅಲ್ಲೇ ನಿಂತಿತು. ನಾನು ತಿರುಗಿದೆ. ನಲವತ್ತು ಮಕ್ಕಳಲ್ಲಿ ಒಬ್ಬರೂ ಹಲಗೆಯನ್ನು ನೋಡುತ್ತಿರಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.